ಮಗ್ಗದ ಮನೆಯಲ್ಲಿ ಹೋಮ್ ಥಿಯೇಟರ್

ಅರುಣಾ ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಬಂದ ದಿನ ಗಂಡನ ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಮಗ್ಗಗಳು ಓಡುತ್ತಿದ್ದವು. ತವರೂರು ನಲ್ಲೂರಿನಲ್ಲಿ ಅವಳ ಅಪ್ಪನದು ಬಟ್ಟೆ ವ್ಯಾಪಾರ; ಸೀರೆ ಮಾರುವುದನ್ನು ಕಂಡಿದ್ದಳೇ ಹೊರತು ನೇಯುವುದನ್ನು ಕಂಡಿರಲಿಲ್ಲ. ಶೆಡ್ಡಿನ ಬಾಗಿಲಲ್ಲಿ ನಿಂತು ಅತ್ತೆ ಏನೋ ಹೇಳಿದರು. ತುಟಿ ಅಲ್ಲಾಡಿದ್ದು ಕಂಡಿತು, ಮಾತು ಕೇಳಲಿಲ್ಲ. ಲಾಳಿಗಳು ಆ ಕಡೆಯಿಂದ ಈ ಕಡೆಗೆ ಹೊಡೆದುಕೊಳ್ಳುವ ಸದ್ದಿನಲ್ಲಿ ಯಾರ ಮಾತೂ ಕೇಳುವಂತಿರಲಿಲ್ಲ.

ಕೆಲವೇ ತಿಂಗಳಲ್ಲಿ ಅವಳೂ ಆ ಶೆಡ್ಡಿನ ಭಾಷೆ ಕಲಿತಳು. ನೂಲು ಕಡಿದಿದೆ ಎನ್ನುವುದಕ್ಕೆ ಒಂದು ಕೈಸನ್ನೆ, ಊಟಕ್ಕೆ ಬಾ ಎನ್ನುವುದಕ್ಕೆ ಇನ್ನೊಂದು. ಉಳಿದ ಮಾತನ್ನೆಲ್ಲ ತುಟಿ ನೋಡಿಯೇ ಹಿಡಿಯುವುದು. ಗಂಡ ರಾಜೇಂದ್ರ ಬೆಳಗ್ಗೆ ಮಗ್ಗ ಹಾಕಿ, ಮಧ್ಯಾಹ್ನದ ಮೇಲೆ ಸೀರೆ ಕಟ್ಟುಗಳನ್ನು ಹೊತ್ತು ಬೆಂಗಳೂರಿನ ವ್ಯಾಪಾರಿಗಳ ಹತ್ತಿರ ಹೋಗುತ್ತಿದ್ದ. ಅವನು ಹೋದ ಮೇಲೆ ಮಗ್ಗದ ಮುಂದೆ ನಿಲ್ಲುವವಳು ಅರುಣಾ. ಮಗಳು ಮೇಘನ ಹುಟ್ಟಿದಳು, ಬೆಳೆದಳು, ಡಿಗ್ರಿ ಮುಗಿಸಿದಳು. ಮಗ್ಗ ಓಡುತ್ತಲೇ ಇತ್ತು.

ರಾಜೇಂದ್ರನೂ ಅವನ ತಮ್ಮನೂ ಸೇರಿ ಊರಾಚೆ ದೊಡ್ಡ ಶೆಡ್ ಹಿಡಿದು ಮಗ್ಗಗಳನ್ನೆಲ್ಲ ಅಲ್ಲಿಗೆ ಸಾಗಿಸಿದರು. ಅಲ್ಲಿ ಕೆಲಸಕ್ಕೆ ಜನ ಇದ್ದರು. ಮೇಘನ ಮೊಬೈಲಿನಲ್ಲಿ ಲೈವ್ ಮಾಡಿ ಸೀರೆ ಮಾರತೊಡಗಿದ್ದಳು, ಅದಕ್ಕೆ ಅಮ್ಮನ ಕೈ ಬೇಕಿತ್ತು. ಹೀಗೆ ಅರುಣಾ ಮೊದಲ ಸಲ ಸದ್ದಿಲ್ಲದ ಮನೆಯಲ್ಲಿ ಉಳಿದಳು.

ಎಲ್ಲರೂ ಅಬ್ಬಾ ಎಂದು ಉಸಿರುಬಿಟ್ಟರು. ಅರುಣಾಗೆ ಮಾತ್ರ ಭಯವಾಯಿತು. ಮಗ್ಗ ಇದ್ದಾಗ ಎಲ್ಲರೂ ಕೂಗಿ ಮಾತಾಡುತ್ತಿದ್ದರು. ಈಗ ಮೆಲ್ಲಗೆ ಮಾತಾಡಲು ಶುರುಮಾಡಿದ್ದರು. ಅಡುಗೆಮನೆಯಿಂದ ಮಗಳು ಕರೆದರೆ ತಿಳಿಯುತ್ತಿರಲಿಲ್ಲ. ಕುಕ್ಕರ್ ಕೂಗಿತೋ ಇಲ್ಲವೋ ಎಂದು ಒಲೆಯ ಮುಂದೆಯೇ ನಿಂತು ಆವಿ ನೋಡುತ್ತಿದ್ದಳು. ಟೀವಿಯಲ್ಲಿ ಉಳಿದವರು ನಕ್ಕಾಗ ಅವರ ಮುಖ ನೋಡಿ ತಾನೂ ನಗುತ್ತಿದ್ದಳು. ಯಾರಿಗೂ ಹೇಳಲಿಲ್ಲ. ಕಿವುಡಿ ಅನ್ನಿಸಿಕೊಳ್ಳುವ ವಯಸ್ಸು ಇನ್ನೂ ಬಂದಿಲ್ಲ ಎಂದುಕೊಂಡು ಸುಮ್ಮನಿದ್ದಳು.

ಖಾಲಿ ಬಿದ್ದ ಶೆಡ್ಡಿನ ಮೇಲೆ ರಾಜೇಂದ್ರನಿಗೆ ಮೊದಲಿಂದಲೂ ಒಂದು ಕಣ್ಣಿತ್ತು. ಅವನು ಸಿನಿಮಾ ಹುಚ್ಚಿನವನು. ಬೂದಿಗೆರೆಯ ಹತ್ತಿರ ಹೊಸ ಮನೆ ಕಟ್ಟಿದ ವ್ಯಾಪಾರಿಯೊಬ್ಬರು ಅವನನ್ನು ಗೃಹಪ್ರವೇಶಕ್ಕೆ ಕರೆದಿದ್ದರು. ಅವರ ಮನೆಯ ಥಿಯೇಟರ್ ಕೋಣೆಯಲ್ಲಿ ಕೂತು ಮಳೆಯ ಒಂದು ದೃಶ್ಯ ನೋಡಿ ಬಂದವನಿಗೆ ನಿದ್ದೆಯೇ ಬರಲಿಲ್ಲ.

"ಮಳೆ ನೆತ್ತಿ ಮೇಲೇ ಸುರೀತು ಕಣೇ ಅರುಣಾ. ತಲೆ ಮುಟ್ಟಿ ನೋಡ್ಕೊಂಬಿಟ್ಟೆ," ಎಂದ. "ಸ್ಪೀಕರ್ ಸೂರಲ್ಲೇ ಇಟ್ಟಿದಾರೆ. ನಾವೂ ಮಾಡಿಸಣ. ಇಷ್ಟು ವರ್ಷ ಆ ಶೆಡ್ಡಲ್ಲಿ ಬರೀ ಲಟಾಪಟಾ ಕೇಳಿದ್ದಾಯ್ತು."

"ನಿಮ್ಮಿಷ್ಟ," ಎಂದಳು ಅರುಣಾ. ಅವನ ಮುಖದಲ್ಲಿದ್ದ ಖುಷಿಗೆ ಬೇರೆ ಏನು ಹೇಳಲೂ ಮನಸ್ಸಾಗಲಿಲ್ಲ.

ಕೆಲಸ ಒಪ್ಪಿಕೊಂಡವನು ಸಮೀರ್. ಅವನ ಅಪ್ಪ ಮಸ್ತಾನ್ ಸಾಬರು ಹಿಂದೆ ಊರಿನ ಮದುವೆಗಳಿಗೆಲ್ಲ ಮೈಕ್ ಸೆಟ್ ಹಾಕುತ್ತಿದ್ದವರು. ರಾಜೇಂದ್ರ ಅರುಣಾರ ಮದುವೆಗೂ ಅವರದೇ ಸೆಟ್. ಸಮೀರ್ ಶೆಡ್ಡಿನೊಳಗೆ ಬಂದವನು ಮೊದಲು ಗೋಡೆ ನೋಡಲಿಲ್ಲ, ತಲೆಯೆತ್ತಿ ಸೂರು ನೋಡಿದ. ಇಳಿಜಾರಾದ ಸಿಮೆಂಟ್ ಶೀಟು.

"ರಾಜಣ್ಣಾ, ಮೇಲಿಂದ ಸದ್ದು ಬರೋಕೆ ಎರಡು ದಾರಿ ಇದಾವೆ. ಕೆಳಗೆ ಇಟ್ಟಿರೋ ಸ್ಪೀಕರ್ ಮೇಲಕ್ಕೆ ಸದ್ದು ಹೊಡೆದು, ಅದು ಸೂರಿಗೆ ಬಡಿದು ನಮ್ಮ ಹತ್ರ ಬರೋದು ಒಂದು. ಅದಕ್ಕೆ ಸೂರು ಸಮವಾಗಿರ್ಬೇಕು. ಈ ಶೀಟಿಗೆ ಬಡಿದ್ರೆ ಸದ್ದು ಎತ್ತಲೋ ಹೋಗ್ತದೆ. ಮಳೆ ನಿಮ್ಮ ತಲೆ ಮೇಲೆ ಸುರಿಯಲ್ಲ, ಪಕ್ಕದ್ಮನೆ ಸಪ್ಪಲಮ್ಮನ ತಲೆ ಮೇಲೆ ಸುರೀತದೆ."

ರಾಜೇಂದ್ರ ನಕ್ಕ. "ಇನ್ನೊಂದು ದಾರಿ?"

"ಫಾಲ್ಸ್ ಸೀಲಿಂಗ್ ಹಾಕಿ ಅದರೊಳಗೇ ಸ್ಪೀಕರ್ ಕೂರ್ಸೋದು. ಎರಡು ಸಾಕು."

"ಎರಡ್ಯಾಕಪ್ಪಾ, ನಾಲ್ಕು ಹಾಕು. ಅವರ ಮನೇಲಿ ನಾಲ್ಕಿತ್ತು."

ಸಮೀರ್ ನೆಲದ ಮೇಲೆ ಕೂತು ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸಿದ. ಮುಂದೆ ಮೂರು ಸ್ಪೀಕರ್, ಹಿಂದೆ ಎರಡು, ಮೇಲೆ ಎರಡು, ಒಟ್ಟು ಏಳು. ಗುಡುಗಿನಂಥ ದಪ್ಪ ಸದ್ದಿನ ಪೆಟ್ಟಿಗೆಗೆ ಅದರದೇ ಆಂಪ್ಲಿಫೈಯರ್ ಒಳಗೇ ಇರುತ್ತದೆ. ಹಾಗಾಗಿ ಸ್ಪೀಕರಿಗೊಂದರಂತೆ ಏಳು ಚಾನೆಲ್‌ನ ಆಂಪ್ಲಿಫೈಯರ್ ಸಾಕಾಗುತ್ತದೆ. ಮೇಲೆ ನಾಲ್ಕು ಬೇಕೆಂದರೆ ಒಂಬತ್ತು ಚಾನೆಲ್‌ನದು ತರಬೇಕು, ಇಲ್ಲವೇ ಏಳರ ಜೊತೆಗೆ ಇನ್ನೊಂದು ಸಣ್ಣ ಆಂಪ್ಲಿಫೈಯರ್ ಸೇರಿಸಬೇಕು.

"ವಾಟ್ಸು ಜಾಸ್ತಿ ಇರೋದೇ ತಗೋ. ಊರಿಗೆಲ್ಲಾ ಕೇಳ್ಬೇಕು," ಎಂದ ರಾಜೇಂದ್ರ.

"ಡಬ್ಬದ ಮೇಲೆ ಬರೆದಿರೋ ವಾಟ್ಸ್ ನಂಬ್ಬೇಡಿ ಅಣ್ಣಾ. ಅದು ಒಂದೆರಡು ಸ್ಪೀಕರ್ ಓಡುವಾಗ ಬರೋ ಲೆಕ್ಕ. ಎಲ್ಲಾ ಒಟ್ಟಿಗೆ ಓಡಿದ್ರೆ ಅಷ್ಟು ಬರಲ್ಲ. ಒಂದು ಮೋಟ್ರಿಗೆ ನಾಲ್ಕೂ ಮಗ್ಗ ಕಟ್ಟಿದಂಗೆ. ಈ ಕೋಣೆಗೆ ಸಾಧಾರಣದ್ದೇ ಧಾರಾಳ ಆಯ್ತು."

ಕಡೆಗೆ ಒಂದು ಒಪ್ಪಂದಕ್ಕೆ ಬಂದರು. ಏಳು ಚಾನೆಲ್‌ನದೇ ತರುವುದು, ಆದರೆ ಮುಂದೆ ಇನ್ನೊಂದನ್ನು ಸೇರಿಸಲು ಜಾಗ ಇರುವಂಥದ್ದು. ರಾಜೇಂದ್ರನ ಮನಸ್ಸಿನಲ್ಲಿ ಆ ಇನ್ನೆರಡು ಸ್ಪೀಕರ್ ಉಳಿದೇ ಇದ್ದವು. ಬಾಗಿಲಲ್ಲಿ ನಿಂತಿದ್ದ ಅರುಣಾ ಅವರಿಬ್ಬರ ತುಟಿ ನೋಡುತ್ತಿದ್ದಳು. ಸಮೀರ್ ತಲೆ ಬಗ್ಗಿಸಿ ಗೆರೆ ಎಳೆಯುತ್ತಿದ್ದುದರಿಂದ ಅರ್ಧ ಮಾತು ಸಿಗಲೇ ಇಲ್ಲ.

ಸೀಲಿಂಗ್ ಬಂತು, ಗೋಡೆಗೆ ದಪ್ಪ ಬಟ್ಟೆ ಹೊದಿಸಿದ ಹಲಗೆಗಳು ಬಂದವು, ದೊಡ್ಡ ಪರದೆ ಬಂತು. ಒಂದು ಭಾನುವಾರ ಬೆಳಗ್ಗೆ ಎಲ್ಲ ಜೋಡಿಸಿ ಮುಗಿಯಿತು. ಸಮೀರ್ ಸೋಫಾದ ಮೇಲೆ ಸಣ್ಣ ಮೈಕ್ ಇಟ್ಟು ಒಂದೊಂದೇ ಸ್ಪೀಕರ್‌ನ ಸದ್ದು ಅಳೆದ. ಆಮೇಲೆ ಮನೆಯವರನ್ನೆಲ್ಲ ಸೋಫಾದಲ್ಲಿ ಕೂರಿಸಿ ಕಾಡಿನ ಒಂದು ವಿಡಿಯೋ ಹಾಕಿದ. ಅಷ್ಟರಲ್ಲಿ ರಾಜೇಂದ್ರನಿಗೆ ಫೋನ್ ಬಂದು ಹೊರಗೆ ಹೋದ. ಮುಂದಿನ ಸ್ಪೀಕರ್‌ಗಳನ್ನಷ್ಟೇ ಇನ್ನೊಮ್ಮೆ ನೋಡೋಣ ಎಂದು ಸಮೀರ್ ಮೇಲಿನ ಎರಡನ್ನೂ ಆಫ್ ಮಾಡಿದ.

ಫೋನ್ ಮುಗಿಸಿ ಬಂದ ರಾಜೇಂದ್ರ ಹೆಂಡತಿಯ ಪಕ್ಕದಲ್ಲಿ ಕೂತು, ಅವಳತ್ತ ತಿರುಗಿ ಕೇಳಿದ. "ಹೆಂಗೈತೆ? ಮೇಲೆ ಹಕ್ಕಿ ಕೂಗೋದು ಕೇಳಿಸ್ತಾ?"

"ಹ್ಞೂಂ. ಏನ್ ಚೆನ್ನಾಗಿ ಕೂಗ್ತಾವೆ! ಇಲ್ಲೇ ತಲೆ ಮೇಲೇ ಕೂತಿರೋ ಹಂಗೆ," ಎಂದು ಅರುಣಾ ಮೇಲೆ ಕೈ ತೋರಿಸಿದಳು.

ಸಮೀರ್‌ಗೆ ಒಳಗಿನ ಸಂಗತಿ ಏನೂ ಗೊತ್ತಿಲ್ಲ. ನಕ್ಕುಬಿಟ್ಟ. "ಅಕ್ಕಾ, ಮೇಲಿಂದು ಆಫ್ ಮಾಡಿದೀನಿ."

ರಾಜೇಂದ್ರನ ಮುಖ ಸಣ್ಣಗಾಯಿತು. "ಇಷ್ಟ ಇಲ್ದಿದ್ರೆ ಇಲ್ಲ ಅನ್ನು. ನನ್ನ ಸಮಾಧಾನಕ್ಕೆ ಯಾಕೆ ಹೇಳ್ತೀಯಾ?"

ಸಮೀರ್ ಅವಸರದಲ್ಲಿ ಮೇಲಿನ ಸ್ಪೀಕರ್‌ಗಳನ್ನು ಆನ್ ಮಾಡಿದ. ಮೇಘನ ತಲೆಯೆತ್ತಿ ನೋಡಿದಳು. ರಾಜೇಂದ್ರನೂ ನೋಡಿದ. ಇಬ್ಬರ ಕಣ್ಣೂ ಒಂದೇ ಕಡೆಗೆ ಹೋದದ್ದು ಅರುಣಾಗೆ ಕಂಡಿತು. ಅವಳಿಗೆ ಕೇಳಿಸುತ್ತಿದ್ದದ್ದು ಎಲ್ಲೋ ದೂರದ ನೀರಿನ ಮೊರೆತ ಮಾತ್ರ. ಈಗಲೂ ಹ್ಞೂಂ ಎಂದುಬಿಡಬಹುದಿತ್ತು. ಇಷ್ಟು ದಿನ ಹಾಗೇ ದಾಟಿಸಿದ್ದಳು. ಆದರೆ ಗಂಡ ಅದನ್ನು ಬೇರೆಯೇ ಅರ್ಥ ಮಾಡಿಕೊಂಡು ಕೂತಿದ್ದ.

"ನಂಗೆ ಕೇಳಿಸ್ತಿಲ್ಲ ಕಣ್ರೀ," ಎಂದಳು. "ಹಕ್ಕಿ ಇರ್ಲಿ, ಮೇಘ ಒಳಗಿಂದ ಕರೆದ್ರೂ ಕೇಳಿಸಲ್ಲ. ಮಗ್ಗ ಇದ್ದಾಗ ಗೊತ್ತಾಗ್ತಿರ್ಲಿಲ್ಲ. ಹೋದ್ಮೇಲೆ ಗೊತ್ತಾಯ್ತು."

ಸಮೀರ್ ರಿಮೋಟಿನಲ್ಲಿ ಎಲ್ಲವನ್ನೂ ನಿಲ್ಲಿಸಿ, ಚಾ ಕುಡಿದು ಬರುತ್ತೇನೆಂದು ಹೊರಗೆ ಹೋದ. ರಾಜೇಂದ್ರ ಅವಳ ಕಡೆ ತಿರುಗಿ, ಮಗ್ಗದ ಕಾಲದಲ್ಲಿ ಮಾಡುತ್ತಿದ್ದಂತೆ ತುಟಿಯನ್ನು ಚೆನ್ನಾಗಿ ಬಿಡಿಸಿ ಕೇಳಿದ. "ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನ್ಮಾಡ್ತಿದ್ರಿ? ಮರುಕ ಪಡ್ತಿದ್ರಿ."

ಮೇಘನ ಸುಮ್ಮನೆ ಕೂರುವವಳಲ್ಲ. ಮಾರನೆಯ ದಿನವೇ ಅಮ್ಮನನ್ನು ಕಿವಿ ಡಾಕ್ಟರ ಹತ್ತಿರ ಹೊರಡಿಸಿದಳು. ಹೊರಡುವಾಗ ಅಪ್ಪನನ್ನೂ ಬಿಡಲಿಲ್ಲ. "ನೀನೂ ಮಗ್ಗ ಹಾಕಿದೋನೇ ಅಲ್ವಾ? ಬಾ ಅಪ್ಪಾ."

ಡಾಕ್ಟರಮ್ಮ ಒಬ್ಬೊಬ್ಬರನ್ನೇ ಸಣ್ಣ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಅರುಣಾಗೆ ಎಷ್ಟೋ ಹೊತ್ತು ಗುಂಡಿ ಒತ್ತುವ ಕೆಲಸವೇ ಬೀಳಲಿಲ್ಲ. ವರ್ಷಗಟ್ಟಲೆ ಮಗ್ಗದ ಸದ್ದಿನಲ್ಲಿ ಇದ್ದುದರಿಂದ ಸಣ್ಣ, ಚೂಪಾದ ಸದ್ದುಗಳನ್ನು ಹಿಡಿಯುವ ಶಕ್ತಿ ಹೋಗಿದೆ, ಅದು ಮತ್ತೆ ಬರುವುದಿಲ್ಲ, ಕಿವಿಗೆ ಮಷಿನ್ ಹಾಕಿಕೊಂಡರೆ ಮಾತು ತಿಳಿಯುತ್ತದೆ ಎಂದರು ಡಾಕ್ಟರಮ್ಮ. ಆಮೇಲೆ ರಾಜೇಂದ್ರನ ಕಾಗದ ತಿರುಗಿಸಿ, "ನಿಮ್ಗೂ ಎಡಗಿವೀಲಿ ಇದೇ ಶುರುವಾಗಿದೆ. ಈಗಿಂದಾನೇ ಜೋಪಾನ ಮಾಡಿ. ಜೋರು ಸದ್ದಿಂದ ದೂರ ಇರಿ," ಎಂದರು.

ವಾಪಸ್ ಬರುವಾಗ ರಾಜೇಂದ್ರ ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತಾ ಕೂತಿದ್ದ. ಅರುಣಾ ಮೊಣಕೈಯಿಂದ ತಿವಿದು, "ಜಾಸ್ತಿ ವಾಟ್ಸಿನ ಆಂಪ್ಲಿಫೈಯರ್ ತರ್ಲಿಲ್ವಲ್ಲ, ಬಚಾವ್ ಆದ್ರಿ," ಎಂದಳು. ಅವನಿಗೆ ನಗು ಬಂತು. ನಕ್ಕ ಮೇಲೆ ಕಣ್ಣು ಒರೆಸಿಕೊಂಡ.

ಮಷಿನ್ ಹಾಕಿಕೊಂಡ ಮೊದಲ ವಾರ ಅರುಣಾಗೆ ಜೀವ ಸಾಕಾಯಿತು. ತಟ್ಟೆ ಲೋಟದ ಸದ್ದು ತಲೆಗೆ ಹೊಡೆಯುತ್ತಿತ್ತು. ಸೀರೆಯ ಪ್ಲಾಸ್ಟಿಕ್ ಕವರ್ ಬಿಚ್ಚಿದರೆ ಪಟಾಕಿ ಹೊಡೆದಂತೆ. ಅವಳದೇ ಬಳೆಗಳ ಸದ್ದಿಗೆ ಅವಳೇ ಬೆಚ್ಚುತ್ತಿದ್ದಳು. ಮಷಿನ್ನನ್ನು ಒಂದು ಡಬ್ಬಿಗೆ ಹಾಕಿ ಬೀರುವಿನಲ್ಲಿಟ್ಟಳು. ಮೇಘನ ತೆಗೆದು ಕೈಗೆ ಕೊಟ್ಟಳು. "ದಿನಾ ಸ್ವಲ್ಪ ಸ್ವಲ್ಪ ಹೊತ್ತು ಹಾಕ್ಕೋ ಅಮ್ಮಾ. ಚಪ್ಪಲಿ ಹೊಸದಾದ್ರೆ ಕಚ್ಚಲ್ವಾ, ಹಂಗೇ." ಅರುಣಾ ಬೈದುಕೊಂಡೇ ಹಾಕಿಕೊಂಡಳು. ಬರಬರುತ್ತಾ ಬಳೆಯ ಸದ್ದು ಬಳೆಯ ಸದ್ದಿನಂತೆಯೇ ಕೇಳತೊಡಗಿತು.

ಇತ್ತ ರಾಜೇಂದ್ರ ಥಿಯೇಟರಿಗೆ ಬೀಗ ಹಾಕಿಬಿಟ್ಟಿದ್ದ. ಹೆಂಡತಿಗೆ ಕೇಳದ ಮೇಲೆ ತಾನೊಬ್ಬನೇ ಕೂತು ನೋಡುವುದು ಅವನಿಗೆ ಒಗ್ಗಲಿಲ್ಲ. ಒಂದು ಸಂಜೆ ಅರುಣಾನೇ ಬೀಗದ ಕೈ ಕೇಳಿದಳು. "ನನ್ನ ನೆಪ ಹೇಳಿ ಅದನ್ನ ಯಾಕೆ ಧೂಳು ಹಿಡಿಸ್ತೀರಾ? ಸಮೀರ್‌ನ ಕರೀರಿ. ನಂಗೆ ಹೆಂಗೆ ಬೇಕೋ ಹಂಗೆ ಮಾಡಿಸ್ಕೋತೀನಿ."

ಸಮೀರ್ ಬಂದ. ಈ ಸಲ ಸೋಫಾದ ಮೇಲೆ ಮೈಕಿನ ಜಾಗದಲ್ಲಿ ಅರುಣಾ ಕೂತಳು. ಸಿನಿಮಾದಲ್ಲಿ ಮಾತೆಲ್ಲ ಬರುವುದು ಮುಂದಿನ ಮೂರರಲ್ಲಿ ನಡುವಿನ ಸ್ಪೀಕರಿನಿಂದ. ಅದನ್ನು ಕಿವಿಯ ಮಟ್ಟಕ್ಕೆ ಎತ್ತಿ, ಸದ್ದು ಏರಿಸಿದ. ದಪ್ಪ ಸದ್ದಿನ ಪೆಟ್ಟಿಗೆಯನ್ನು ತಗ್ಗಿಸಿದ. ಸೋಫಾ ಮುಂದಕ್ಕೆ ಬಂತು. ಪ್ರತಿಯೊಂದಕ್ಕೂ ಅವಳು "ಸಾಕು" ಅಥವಾ "ಇನ್ನೂ" ಎನ್ನುತ್ತಿದ್ದಳು. ಸುಮ್ಮನೆ ಹ್ಞೂಂ ಎನ್ನಲಿಲ್ಲ.

"ರಾಜಣ್ಣಾ, ಆ ಇನ್ನೆರಡು ಸ್ಪೀಕರ್, ಇನ್ನೊಂದು ಆಂಪ್ಲಿಫೈಯರ್ ಕಥೆ ಏನು?"

"ಬಿಡಪ್ಪಾ, ಇಷ್ಟು ಸಾಕು," ಎಂದ ರಾಜೇಂದ್ರ.

ಕಡೆಯಲ್ಲಿ ಮಳೆಯ ದೃಶ್ಯ ಹಾಕಿದರು. ಅರುಣಾ ಕಣ್ಣು ಮುಚ್ಚಿಕೊಂಡಳು. ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ಮೇಲಿಂದ, ಸ್ವಲ್ಪ ಹಿಂದಿನಿಂದ, ಏನೋ ಚಟಪಟ ಸದ್ದು.

"ಒಗ್ಗರಣೇಲಿ ಸಾಸಿವೆ ಸಿಡಿದಂಗೆ ಕೇಳ್ತದೆ," ಎಂದಳು. "ಇದೇನಾ ಮಳೆ?"

"ಇದೇ ಕಣೇ, ಇದೇ!" ರಾಜೇಂದ್ರ ಎದ್ದು ನಿಂತುಬಿಟ್ಟ.

ಅವಳಿಗೆ ಮಳೆ ಅನ್ನಿಸಲಿಲ್ಲ. ಆದರೆ ಮೇಲಿಂದ ಬರುತ್ತಿದೆ ಎನ್ನುವುದು ನಿಜವಾಗಿಯೂ ತಿಳಿದಿತ್ತು, ಯಾರ ಮುಖವನ್ನೂ ನೋಡದೆ ತಿಳಿದಿತ್ತು. ಸ್ವಲ್ಪ ಹೊತ್ತು ಕೇಳಿ, "ಚೆನ್ನಾಗಿದೆ. ಆದ್ರೆ ಅವರು ಮಾತಾಡುವಾಗ ಇದನ್ನ ಕಮ್ಮಿ ಮಾಡಿ. ಮಾತು ಮುಖ್ಯ ನಂಗೆ," ಎಂದಳು. ಅಂದಿನಿಂದ ಮೇಲಿನ ಸದ್ದು ಎಷ್ಟಿರಬೇಕು ಎಂಬ ಬಗ್ಗೆ ಗಂಡಹೆಂಡತಿಗೆ ಪ್ರತಿ ಸಿನಿಮಾದಲ್ಲೂ ಒಂದು ಸಣ್ಣ ಜಗಳ. ರಿಮೋಟ್ ಹೆಚ್ಚಾಗಿ ಅರುಣಾ ಕೈಯಲ್ಲೇ ಇರುತ್ತದೆ.

ಶನಿವಾರ ಸಂಜೆ ಬೀದಿಯ ಹೆಂಗಸರೂ ಬಂದು ಕೂರತೊಡಗಿದರು. ಹೆಚ್ಚಿನವರು ಮಗ್ಗದ ಮನೆಯವರೇ. ಪಕ್ಕದ ಮನೆಯ ಸಪ್ಪಲಮ್ಮ ಅರುಣಾಗಿಂತ ಹಳಬಳು, ಇವತ್ತಿಗೂ ಮಗ್ಗ ಹಾಕುವವಳು. ಒಂದು ಶನಿವಾರ ಸಿನಿಮಾದ ನಡುವೆ ಎಲ್ಲರೂ ಗೊಳ್ಳೆಂದು ನಕ್ಕರು. ಸಪ್ಪಲಮ್ಮ ಅಕ್ಕಪಕ್ಕ ನೋಡಿ, ಒಂದು ಕ್ಷಣ ತಡವಾಗಿ ನಕ್ಕಳು.

ಅರುಣಾ ರಿಮೋಟ್ ಒತ್ತಿ ಸಿನಿಮಾ ನಿಲ್ಲಿಸಿದಳು. "ಸಪ್ಪಲಕ್ಕಾ, ಅವನೇನಂದ ಹೇಳು?"

"ಅದೇ... ಏನೋ ಅಂದ್ನಲ್ಲ," ಎಂದಳು ಸಪ್ಪಲಮ್ಮ, ಸೆರಗು ಸರಿಮಾಡಿಕೊಳ್ಳುತ್ತಾ.

ಅರುಣಾ ಎದ್ದು ಅವಳ ಪಕ್ಕದಲ್ಲಿ ಹೋಗಿ ಕೂತಳು. ಕೂದಲು ಸರಿಸಿ ತನ್ನ ಕಿವಿಯ ಮಷಿನ್ ತೋರಿಸಿದಳು. ಇಷ್ಟು ದಿನ ಅದನ್ನು ಕೂದಲಲ್ಲಿ ಮುಚ್ಚಿಟ್ಟುಕೊಂಡೇ ಓಡಾಡುತ್ತಿದ್ದವಳು ಅವಳು. ಸಪ್ಪಲಮ್ಮನ ಕಣ್ಣ ಮುಂದೆ ತುಟಿ ಬಿಡಿಸಿ, "ಮಂಗಳವಾರ ಮಗ್ಗ ನಿಲ್ಸು. ನನ್ನ ಜೊತೆ ಡಾಕ್ಟ್ರ ಹತ್ರ ಬರ್ತೀಯಾ," ಎಂದಳು.

"ನಮ್ಮನೆಯವ್ರು ಏನಂತಾರೋ?"

"ಅವ್ರನ್ನೂ ಕರ್ಕೊಂಡು ಬಾ."

ಹಿಂದಿನ ಸಾಲಿನಿಂದ ಇನ್ನೊಬ್ಬಳು, ಮಮತ, ತಾನೂ ಬರುತ್ತೇನೆಂದು ಮೆಲ್ಲಗೆ ಕೈಯೆತ್ತಿದಳು.