ಟೈರಿನ ಒಳಮೈಗೆ ವಿಭೂತಿ

ಈ ಸಲದ ಆಯುಧಪೂಜೆಯಂದು ಕಾರು ತೊಳೆದು, ಒದ್ದೆ ವಿಭೂತಿ ಹಿಡಿದು ಮುಂದಿನ ಚಕ್ರದ ಬಳಿ ಕೂತೆ. ಬಿಸಿಲಿಗೆ ಕಾದ ರಬ್ಬರಿನ ವಾಸನೆಯೂ ವಿಭೂತಿಯ ವಾಸನೆಯೂ ಒಟ್ಟಿಗೇ ಮೂಗಿಗೆ ಬಡಿದವು ನೋಡಿ, ಹುಣಸೂರಿನಲ್ಲಿ ಕಾರಿನ ಚಕ್ರ ನೆಟ್ಟಗೆ ಕೂರಿಸುವ ಅಂಗಡಿ ಇಟ್ಟಿದ್ದ ನಮ್ಮ ಅಲೈನ್‌ಮೆಂಟ್ ಅಣ್ಣ ಪಕ್ಕದಲ್ಲೇ ಬಂದು ಕೂತ ಹಾಗಾಯಿತು...

ಆಗ ನನಗೆ ಕಾರಿನ ಹುಚ್ಚು. ಸೆಕೆಂಡ್‌ಹ್ಯಾಂಡ್ ಕಾರಿಗೆ ನಾಲ್ಕು ಹೊಸ ಟೈರು ಹಾಕಿಸಿ, ಅಣ್ಣನ ಹತ್ತಿರ ಅಲೈನ್‌ಮೆಂಟ್ ಮಾಡಿಸಿದೆ. ವಾರ ಕಳೆಯುವುದರೊಳಗೆ ಮೈಸೂರಿಗೆ ಹೋಗಿ, ಸ್ಟೈಲಿಗೆಂದು ಸ್ಪ್ರಿಂಗ್ ಬದಲಾಯಿಸಿ ಕಾರನ್ನು ನೆಲದತ್ತ ತಗ್ಗಿಸಿಬಿಟ್ಟೆ! ಅಲೈನ್‌ಮೆಂಟ್ ಹೇಗೂ ಆಗಿದೆಯಲ್ಲ ಎಂಬುದು ನನ್ನ ಬುದ್ಧಿ. ಕೆ.ಆರ್. ನಗರ, ಪಿರಿಯಾಪಟ್ಟಣ ಎಂದು ತಿಂಗಳುಗಟ್ಟಲೆ ಸುತ್ತಿದ್ದೇ ಸುತ್ತಿದ್ದು. ದಿನಾ ಬೆಳಿಗ್ಗೆ ಟೈರಿನ ಹೊರಮೈಗೆ ಪಾಲಿಶ್ ಬೇರೆ.

ಆ ವರ್ಷ ಹಬ್ಬದ ದಿನವೇ ಎಚ್.ಡಿ. ಕೋಟೆಯಿಂದ ಅಕ್ಕನನ್ನೂ ಅವಳ ಹಸುಗೂಸನ್ನೂ ಮನೆಗೆ ಕರೆತರಬೇಕಿತ್ತು. ಹೊರಡುವ ಮುಂಚೆ ಪೂಜೆಗೆಂದು ಅಣ್ಣನ ಅಂಗಡಿ ಮುಂದೆ ನಿಲ್ಲಿಸಿದೆ. ಅಣ್ಣನದೊಂದು ಪದ್ಧತಿ. ಎಲ್ಲರೂ ಟೈರಿನ ಹೊರಗೆ ಕುಂಕುಮ ಇಟ್ಟು ಸುಮ್ಮನಾದರೆ, ಅವನು ನೆಲದ ಮೇಲೆ ಮಲಗಿ, ಕೈ ತೂರಿಸಿ ಒಳಮೈಗೂ ವಿಭೂತಿ ಎಳೆಯುತ್ತಿದ್ದ. ಅವತ್ತು ಒಳಗೆ ಹೋದ ಕೈ ಸರಕ್ಕನೆ ಹೊರಗೆ ಬಂತು. ಬೆರಳಲ್ಲಿ ರಕ್ತ.

“ಏನ್ಲಾ ಇದು! ಒಳ್ಗಡೆ ತಂತಿ ಎದ್ದೈತೆ. ಎಲ್ಲಿಗ್ಲಾ ಒಂಟಿದ್ದೆ?”

“ಕೋಟೆಗಣ್ಣ, ಅಕ್ಕನ್ನೂ ಮಗೂನೂ ಕರ್ಕಂಬರಕ್ಕೆ. ಟೈರು ಒಸಾವು ಕಣಣ್ಣ...”

ಅಣ್ಣ ನನ್ನ ಕೈಯಿಂದ ಕೀ ಕಿತ್ತು ಜೇಬಿಗಿಳಿಸಿದ. ಬಗ್ಗಿ ನೋಡಿದರೆ, ಹೊರಗೆ ಫಳಫಳ ಹೊಳೆಯುತ್ತಿದ್ದ ಟೈರು ಒಳಗಂಚಿನಲ್ಲಿ ಸವೆದು ಬೋಳಾಗಿ, ರಬ್ಬರಿನೊಳಗಿನ ಉಕ್ಕಿನ ತಂತಿ ಹೊರಗಿಣುಕಿತ್ತು. ಕೂಸು ಕಾರಿನಲ್ಲಿರುವಾಗ ಅದು ಒಡೆದಿದ್ದರೆ...

ಆಮೇಲೆ ನೋಡಬೇಕಿತ್ತು ಅಣ್ಣನ ಕೆಲಸ! ಅಂಗಡಿಯಲ್ಲಿದ್ದ ಎರಡು ಟೈರು ಮುಂದಕ್ಕೆ ಹಾಕಿದ. ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವ ದಾರವನ್ನೇ ಕಾರಿನ ಎರಡೂ ಬದಿಗೆ ಬಿಗಿಯಾಗಿ ಎಳೆದು, ದಾರಕ್ಕೂ ಚಕ್ರಕ್ಕೂ ನಡುವೆ ಸ್ಕೇಲು ಹಿಡಿದು ತೋರಿಸಿದ. ಕಾರು ತಗ್ಗಿದ್ದಕ್ಕೆ ಚಕ್ರದ ತಲೆ ಒಳಕ್ಕೆ ವಾಲಿತ್ತು. ಮುಂದಿನ ಎರಡೂ ಚಕ್ರ ಹೊರಮುಖವಾಗಿ ತಿರುಗಿದ್ದವು. ನಾನು ಓಡಿಸಿದಷ್ಟು ದಿನವೂ ಒಳಗಂಚು ರಸ್ತೆಗೆ ಉಜ್ಜಿಕೊಂಡೇ ಹೋಗಿತ್ತು.

“ಇಳ್ಸಿದ್ದು ತಪ್ಪಲ್ಲ ಕಣ್ಲಾ. ಇಳ್ಸಿದ್ಮ್ಯಾಲೆ ತಿರ್ಗಾ ತಂದು ತೋರುಸ್ನಿಲ್ವಲ್ಲ, ಅದು ತಪ್ಪು. ವಾಲಿರೋದು ಪೂರ್ತಿ ಓಗಕಿಲ್ಲ. ತಿಂಗ್ಳಿಗೊಂದ್ಸಲ ಒಳ್ಗಡೆ ಕೈಯಾಡ್ಸು.”

ಚಕ್ರದ ದಿಕ್ಕು ಹಿಡಿದಿಡುವ ರಾಡು ತಿರುಗಿಸಿ, ಅಳೆದು, ಮತ್ತೆ ತಿರುಗಿಸಿ, ಮಧ್ಯಾಹ್ನದ ಹೊತ್ತಿಗೆ ನನ್ನ ಪಕ್ಕ ಕೂತು ಗಾವಡಗೆರೆ ರಸ್ತೆಗೆ ಕರೆದೊಯ್ದ. ಖಾಲಿ ರಸ್ತೆಯಲ್ಲಿ ಸ್ಟೇರಿಂಗ್ ಸಡಿಲ ಬಿಡಿಸಿದ. ಕಾರು ಅತ್ತಿತ್ತ ಎಳೆಯದೆ ನೆಟ್ಟಗೆ ಓಡಿತು! ನಾನು ಕೂಗಿಕೊಂಡೇಬಿಟ್ಟೆ. ಸಂಜೆ ಅದೇ ಕಾರಿನಲ್ಲಿ ಅಕ್ಕನನ್ನು ಕರೆತಂದೆ, ದಾರಿಯುದ್ದಕ್ಕೂ ಕೂಸು ನಿದ್ದೆ.

ಅಣ್ಣ ತೀರಿಕೊಂಡು ಎರಡು ವರ್ಷವಾಯಿತು. ಕಾರು ಅದೇ, ಈಗಲೂ ತಗ್ಗಾಗಿಯೇ ಇದೆ. ಈ ಹಬ್ಬಕ್ಕೆ ನಾನೇ ಮಲಗಿ ಒಳಮೈಗೆ ಕೈಯಾಡಿಸಿದೆ. ಒಳಗೂ ಹೊರಗೂ ಒಂದೇ ಸಮ ಸವೆದಿದೆ! ಆ ಖುಷಿಗೆ ಗಾವಡಗೆರೆ ರಸ್ತೆಯಲ್ಲಿ ಒಂದು ಸುತ್ತು ಹಾಕಿ, ಅಣ್ಣನಿಗೆ ಹೇಳಿಬಿಡೋಣ ಎಂದು ಸೀದಾ ಅಂಗಡಿ ಮುಂದೆ ನಿಲ್ಲಿಸಿದೆ. “ಅಣ್ಣಾ” ಎಂದು ಬಾಯಿ ತೆರೆದೂ ಆಗಿತ್ತು... ಶಟರ್ ಎಳೆದಿತ್ತು. ಅಳು ಬಂತು. ಬೆರಳಲ್ಲಿ ಉಳಿದಿದ್ದ ವಿಭೂತಿಯನ್ನು ಆ ಶಟರಿಗೇ ಎಳೆದು ಬಂದೆ.