ಮೇಷ್ಟ್ರ ಪೆಟ್ಟಿಗೆ ಕೆಟ್ಟ ದಿನ

ಬೆಳಗಿನ ಐದೂಮುಕ್ಕಾಲು. ನಂಜುಮಳಿಗೆಯ ಹಿಂದಿನ ಪುಟ್ಟ ಪಾರ್ಕಿನ ಗೇಟು ಕಿರ್ರೆನ್ನುತ್ತದೆ. ಚಾಮುಂಡಿ ಬೆಟ್ಟದ ದೀಪಗಳು ಇನ್ನೂ ಆರಿಲ್ಲ. ತಲೆಗೆ ಮಫ್ಲರ್ ಸುತ್ತಿ, ಪಂಚೆಯನ್ನು ಮೊಣಕಾಲವರೆಗೆ ಎತ್ತಿ ಕಟ್ಟಿದ ಮರಿಸ್ವಾಮಿ ಒಳಗೆ ಬರುತ್ತಾರೆ. ಪಾರ್ಕಿನ ನಡುವೆ ಆಳೆತ್ತರದ ಗಾರೆಯ ಗೂಡು, ಅದಕ್ಕೆ ಬೀಗ ಹಾಕಿದ ಮರದ ಬಾಗಿಲು, ಪಕ್ಕದ ಕಂಬದ ತುದಿಯಲ್ಲಿ ಲೌಡ್ ಸ್ಪೀಕರು. ಬೀಗ ತೆಗೆಯುವ ಮೊದಲು ಅವರು ಹೆಗಲ ಮೇಲಿನ ಟವೆಲಿನಿಂದ ಕೈ ಒರೆಸಿಕೊಳ್ಳುತ್ತಾರೆ. ಬಾಗಿಲು ತೆರೆದ ಮೇಲೆ ಇನ್ನೊಮ್ಮೆ. ರೇಡಿಯೋದ ಗುಂಡಿ ಮುಟ್ಟುವ ಮೊದಲು ಮತ್ತೂ ಒಮ್ಮೆ, ಬೆರಳ ಸಂದಿಗಳನ್ನೂ ಬಿಡದೆ. ಕೈಯಲ್ಲಿ ನೀರೂ ಇಲ್ಲ, ಬೆವರೂ ಇಲ್ಲ.

ರೇಡಿಯೋ ಹೊಸದು. ಸಂಕ್ರಾಂತಿಗೆ ಬಂದದ್ದು. ಇದರೊಳಗೆ ದೀಪಗಳೇ ಇಲ್ಲವಂತೆ, ಗುಂಡಿ ತಿರುಗಿಸಿದ ಕೂಡಲೇ ಮಾತಾಡುತ್ತದೆ. ಹಳೆಯದರ ಗಾಜಿನ ದೀಪಗಳು ಬಿಸಿಯಾಗಲು ಒಂದೆರಡು ನಿಮಿಷ ಕಾಯಬೇಕಾಗುತ್ತಿತ್ತು. ಕಾಯುವ ಅಗತ್ಯ ಈಗಿಲ್ಲದಿದ್ದರೂ ಮರಿಸ್ವಾಮಿ ಅಷ್ಟು ಮುಂಚೆಯೇ ಬಂದು, ಗೂಡಿನ ಮುಂದೆ ಸುಮ್ಮನೆ ನಿಂತಿರುತ್ತಾರೆ. ಆರಾದ ಮೇಲೆ ಗುಂಡಿ ತಿರುಗಿಸುತ್ತಾರೆ. ನಾದಸ್ವರ ಪಾರ್ಕಿನ ಬೇಲಿ ದಾಟಿ ಮೂರು ಬೀದಿಗಳಿಗೆ ಹರಿಯುತ್ತದೆ. ಗೇಟಿನ ಬಳಿ ಹೂ ಕಟ್ಟುವ ಬೀರಮ್ಮ ಚೀಲ ಬಿಚ್ಚುತ್ತಾ, "ಇವತ್ತು ಒಂದ್ ನಿಮ್ಸ ತಡ ಆಯ್ತಲ್ಲ ಮರಿಸ್ವಾಮಣ್ಣ" ಎಂದು ಕಿಚಾಯಿಸುತ್ತಾರೆ. ತಡವೇನೂ ಆಗಿರುವುದಿಲ್ಲ. ಮೊದಲಾಗಿದ್ದರೆ ಅವರೂ ಒಂದು ಮಾತು ಎಸೆಯುತ್ತಿದ್ದರು. ಈಗ ನಕ್ಕು ಪೊರಕೆ ಹಿಡಿಯುತ್ತಾರೆ, ಅಷ್ಟೇ.

ಮರಿಸ್ವಾಮಿಯ ಊರು ದಟ್ಟಗಳ್ಳಿ. ಅಲ್ಲಿಂದ ಇಲ್ಲಿಗೆ ಹೊಲದ ಬದುಗಳ ಮೇಲೆ ಮೂರು ಮೈಲಿ. ಬೆಳಿಗ್ಗೆ ಬಂದು ಹೋಗಿ, ಸಂಜೆ ಬಂದು ಹೋದರೆ ದಿನಕ್ಕೆ ಹನ್ನೆರಡು. ಹನ್ನೆರಡು ವರ್ಷಗಳಿಂದ ಹೀಗೇ. ಬೆಳಿಗ್ಗೆ ಎರಡೂವರೆ ಗಂಟೆ, ಸಂಜೆ ಮೂರು ಗಂಟೆ ರೇಡಿಯೋ ನುಡಿಸುವುದು, ನಡುವೆ ಕಸ ಗುಡಿಸಿ ಗಿಡಗಳಿಗೆ ನೀರು ಹಾಕುವುದು ಅವರ ಕೆಲಸ. ನೌಕರಿಯಲ್ಲಿ ಅವರು ಮಾಲಿ. ಬೀದಿಯವರಿಗೆ ರೇಡಿಯೋ ಮರಿಸ್ವಾಮಿ.

ಅವರಿಗೆ ಎಣಿಸುವ ಒಂದು ಚಟವಿದೆ. ಮೊದಲ ವರ್ಷ ಎಷ್ಟು ಜನ ಕೇಳಲು ಬರುತ್ತಾರೆಂದು ಮೇಲಿನವರು ವರದಿ ಕೇಳಿದ್ದರಂತೆ. ಆಮೇಲೆ ಯಾರೂ ಕೇಳಲಿಲ್ಲ, ಇವರು ಬಿಡಲೂ ಇಲ್ಲ. ಓದು ಬಾರದು, ಬೆರಳ ಗೆಣ್ಣುಗಳಲ್ಲೇ ಲೆಕ್ಕ. "ಬೆಳಿಗ್ಗೆ ನಲವತ್ತು, ಸಂಜೆ ವಾರ್ತೆಗೆ ಇನ್ನೂರು. ನೆಹರೂ ತೀರ್ಕೊಂಡ್ರು ಅಂತ ಸುದ್ದಿ ಬಂದ ಮಧ್ಯಾನ್ನ ಆರ್ನೂರ ಹತ್ತು ಜನ ಸ್ವಾಮಿ. ಒಬ್ಬರೂ ಕೂರ್ಲಿಲ್ಲ. ಅಂಗೇ ನಿಂತಿದ್ರು" ಎನ್ನುತ್ತಾರೆ.

ಹಳೆಯ ರೇಡಿಯೋ ಸರ್ಕಾರದ್ದಲ್ಲ. ಪಾರ್ಕಿನ ಎದುರು ಮನೆಯ ವೇದವತಿ ಅಮ್ಮನವರದ್ದು. ಅವರ ಯಜಮಾನರು ನಂಜುಂಡಸ್ವಾಮಿ, ಪ್ರೌಢಶಾಲೆಯ ಲೆಕ್ಕದ ಮೇಷ್ಟ್ರು. ಸ್ವಾತಂತ್ರ್ಯ ಬರುವುದನ್ನು ಕಿವಿಯಾರೆ ಕೇಳಬೇಕೆಂದು ನಲವತ್ತೇಳರ ಆಗಸ್ಟಿನಲ್ಲಿ ಹಟ ಹಿಡಿದು ಕೊಂಡ ಪೆಟ್ಟಿಗೆ ಅದು. ಮೇಷ್ಟ್ರು ತೀರಿಕೊಂಡ ಮೇಲೆ ಅದರ ಮುಂದೆ ಒಬ್ಬರೇ ಕೂರಲಾರದೆ, ವೇದವತಿ ಅದನ್ನು ಪಾರ್ಕಿಗೆ ಕೊಟ್ಟರು. ಗೂಡಿನ ಮೇಲೆ ಮೇಷ್ಟ್ರ ಹೆಸರು ಬರೆದ ಒಂದು ಮರದ ಹಲಗೆ ತೂಗುಹಾಕಿದರು. ಅಂದಿನಿಂದ ಪ್ರತಿ ಸಂಜೆ ಬಂದು ಗೂಡಿನ ಎದುರಿನ ಕಲ್ಲುಬೆಂಚಿನ ಎಡ ತುದಿಯಲ್ಲಿ ಕೂರುತ್ತಾರೆ. ವಾರ್ತೆ ಮುಗಿದರೆ ಎದ್ದು ಹೋಗುತ್ತಾರೆ.

"ನಂಗೆ ಕರೆಂಟು ಅಂದ್ರೆ ಜೀವ ಓಗ್ತಿತ್ತು. ಮೊದಲ್ನೇ ದಿವಸ ಕಡ್ಡೀಲಿ ಗುಂಡಿ ತಿರುಗ್ಸಕ್ಕೆ ಓದೆ" ಎಂದು ಮರಿಸ್ವಾಮಿ ನೆನೆಯುತ್ತಾರೆ. "ಅಮ್ಮಾವ್ರು ನಗ್ಲಿಲ್ಲ. ಒಂದ್ ವಾರ ಪಕ್ಕದಲ್ಲೇ ನಿಂತು ಕಲ್ಸಿದ್ರು. ಮುಳ್ಳು ಎಲ್ಲಿ ನಿಂತ್ರೆ ಮೈಸೂರು, ಎಲ್ಲಿ ನಿಂತ್ರೆ ಮದ್ರಾಸು, ಎಲ್ಲಾನೂ ತೋರ್ಸಿಕೊಟ್ರು."

ಇಷ್ಟು ಬರೆದುಕೊಂಡರೆ ಪುರವಣಿಯ ಅರ್ಧ ಪುಟಕ್ಕೆ ಧಾರಾಳವಾಯಿತು. ಪತ್ರಿಕೆಯಿಂದ ಬರೆಯಲು ಬಂದವರು ಪೆನ್ನಿನ ಟೋಪಿ ಹಾಕಿಯೂ ಆಗಿತ್ತು. ಆಗ ಮರಿಸ್ವಾಮಿ, "ನನ್ ಬಗ್ಗೆ ಒಳ್ಳೇದು ಬರೀಬೇಡಿ ಸ್ವಾಮಿ" ಎಂದರು. ಸಂಕೋಚವಿರಬೇಕು ಎಂದುಕೊಂಡರೆ, ಅವರ ಮುಖ ನೆಲ ನೋಡುತ್ತಿತ್ತು. ಕಿವಿಯವರೆಗೂ ಕೆಂಪೇರಿತ್ತು. "ಪೆಟ್ಟಿಗೆ ತಾನಾಗೇ ಕೆಡ್ಲಿಲ್ಲ. ಕೆಡ್ಸಿದ್ದು ನಾನು."

ಕಳೆದ ಆಯುಧಪೂಜೆಯ ಬೆಳಿಗ್ಗೆ ನಡೆದದ್ದು. ಗುಡಿಸುವ ಪೊರಕೆಯಿಂದ ಹಿಡಿದು ಗುದ್ದಲಿ, ಕತ್ತರಿ, ನೀರಿನ ಕ್ಯಾನಿನವರೆಗೆ ಎಲ್ಲಕ್ಕೂ ವಿಭೂತಿ ಎಳೆದು ಕುಂಕುಮವಿಟ್ಟು, ಕೊನೆಗೆ ರೇಡಿಯೋಗೆ ಚೆಂಡುಹೂವಿನ ಹಾರ ಹಾಕುವುದು ಅವರು ಪ್ರತಿವರ್ಷ ಮಾಡುತ್ತಿದ್ದ ಪೂಜೆ. ಪೂಜೆಯ ಹೊತ್ತಿಗೆ ರೇಡಿಯೋ ಆರಿಸಿರುತ್ತಿದ್ದರು. ಅವತ್ತು ಒಳ್ಳೆಯ ವೀಣೆ ಬರುತ್ತಿತ್ತು. ಬೆಂಚಿನ ಮೇಲಿದ್ದವರು, "ಆಫ್ ಮಾಡ್ಬೇಡಪ್ಪ, ಹಾಗೇ ಮಾಡು" ಎಂದರು. ಆಗಲಿ ಎಂದು ಇವರೂ ಒಪ್ಪಿಕೊಂಡರು. ಹಿಂದಿನ ದಿನ ಮೆಟ್ಟಿಲು ಹತ್ತಿ ಬೆಟ್ಟದಿಂದ ತಂದಿದ್ದ ತೀರ್ಥ ಚೊಂಬಿನಲ್ಲಿತ್ತು.

"ಅದ್ಯಾಕೋ ಆ ವರ್ಷ ನಂಗೆ ಅನ್ಸ್‌ಬುಡ್ತು. ಇಷ್ಟು ವರ್ಷ ಹೊರಗಿನ ಮರಕ್ಕೇ ಪೂಜೆ ಮಾಡ್ತಾ ಇವ್ನಿ. ದುಡಿಯೋವು ಒಳಗಿರೋ ದೀಪಗಳು. ದುಡಿಯೋರ್ನ ಬುಟ್ಟು ಮನೆ ಗೋಡೆಗೆ ಕೈ ಮುಗಿದ್ರೆ ಎಂಗೆ ಅಂತ."

ಹಿಂಬದಿಯ ರಟ್ಟು ಬಿಚ್ಚಿದರು. ಒಳಗೆ ಐದು ಗಾಜಿನ ವಾಲ್ವುಗಳು ಕೆಂಪಗೆ ಕಾದು ಉರಿಯುತ್ತಿದ್ದವು. ಭಕ್ತಿಯಿಂದ ವೀಳ್ಯದೆಲೆ ಅದ್ದಿ, ಆ ಐದರ ಮೇಲೂ ತೀರ್ಥ ಪ್ರೋಕ್ಷಿಸಿದರು.

ಚಟ್ ಎಂದಿತು. ಆಮೇಲೆ ಮತ್ತೊಂದು ಚಟ್. ವೀಣೆ ನಿಂತುಹೋಯಿತು. ಗೂಡಿನಿಂದ ಸುಟ್ಟ ವಾಸನೆ ಬಂದು, ಬೆಂಚಿನವರು ಎದ್ದು ಬಂದರು. ಗೂಡಿಗೆ ಬೆನ್ನು ಕೊಟ್ಟು ನಿಂತಿದ್ದ ಮರಿಸ್ವಾಮಿಯ ಕೈ ಹಿಂದಿನಿಂದಲೇ ರಟ್ಟನ್ನು ಮುಚ್ಚುತ್ತಿತ್ತು. ಏನಾಯಿತು ಎಂದು ಯಾರೋ ಕೇಳಿದರು. "ಹಳೇ ಪೆಟ್ಟಿಗೆ ಅಲ್ವಾ ಸ್ವಾಮಿ, ಎಷ್ಟ್ ದಿವ್ಸ ತಡದಾತು" ಎಂದು ಇವರ ಬಾಯಿ ಅಂದಿತು. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂದದ್ದು. ಆದರೆ ಆ ಜನರ ಹಿಂದೆ, ಪೂಜೆಗೆಂದು ಬಂದಿದ್ದ ವೇದವತಿಯೂ ನಿಂತಿದ್ದರು.

"ಅಮ್ಮಾವ್ರ ಮುಖ ಸಣ್ಣಗಾಯ್ತು ಸ್ವಾಮಿ. ನಾನು ಇಲ್ಲ ಕಣಮ್ಮಾ, ನಾನೇ ನೀರು ಹಾಕ್ಬುಟ್ಟೆ ಅಂತ ಅವಾಗ್ಲೇ ಅಂದಿದ್ರೆ ಮುಗೀತಿತ್ತು. ಅನ್ನಲಿಲ್ಲ."

ರಿಪೇರಿ ಅಂಗಡಿಯ ಮಹದೇವಪ್ಪ ಬರುವಷ್ಟರಲ್ಲಿ ಮರಿಸ್ವಾಮಿ ಒಳಗಿನ ತೇವವನ್ನೆಲ್ಲ ಟವೆಲಿನಿಂದ ಒರೆಸಿಟ್ಟಿದ್ದರು. ವಾಲ್ವುಗಳು ಒಡೆದಿವೆ, ಒಳಗಿನದೆಲ್ಲ ಸುಟ್ಟಿದೆ, ಇಂಥ ವಾಲ್ವು ಈಗ ಎಲ್ಲೂ ಸಿಗದು, ಹೊಸ ಸೆಟ್ಟೇ ಗತಿ ಎಂದು ಮಹದೇವಪ್ಪ ಕೈಚೆಲ್ಲಿದರು. ಹೊರಡುವಾಗ, "ನೀರೇನಾದ್ರೂ ಬಿತ್ತೇನಯ್ಯಾ?" ಎಂದೊಂದು ಮಾತು ಕೇಳಿದರು. "ಇಲ್ಲ ಬುದ್ಧಿ" ಎಂದರು ಮರಿಸ್ವಾಮಿ. ಎರಡನೆಯ ಸುಳ್ಳು. ಇದನ್ನು ಹೇಳುವಾಗಲೂ ಅವರು ಎರಡು ಬೆರಳು ಮಡಚಿ ತೋರಿಸುತ್ತಾರೆ.

ಮರುದಿನ ವಿಜಯದಶಮಿ. ನೂಕುನುಗ್ಗಲಿನಲ್ಲಿ ಜಂಬೂ ಸವಾರಿಗೆ ಹೋಗಲಾಗದ ಮುದುಕರು, ಬಾಣಂತಿಯರು, ಕಾಲು ಬಾರದವರು ವರ್ಷ ವರ್ಷವೂ ಚಾಪೆ ಹಿಡಿದು ಈ ಪಾರ್ಕಿಗೆ ಬರುತ್ತಾರೆ. ರೇಡಿಯೋದಲ್ಲಿ ಅಂಬಾರಿಯ ವಿವರಣೆ ಕೇಳುತ್ತಾ ಇಲ್ಲಿಂದಲೇ ಕೈ ಮುಗಿಯುತ್ತಾರೆ. ಪೆಟ್ಟಿಗೆ ಕೆಟ್ಟ ಸುದ್ದಿ ತಿಳಿಯದವರು ಅಂದೂ ಬಂದರು. ಗೇಟಿನ ಬಳಿ ವೇದವತಿ ನಿಂತಿದ್ದರು. ಬಂದ ಒಬ್ಬೊಬ್ಬರಿಗೂ ಕೈ ಮುಗಿದು, "ನಮ್ಮ ಮನೆಯವರದು ಹಳೇ ಸೆಟ್ಟು, ಹಬ್ಬದ ದಿನ ಕೈಕೊಟ್ಟುಬಿಟ್ಟಿದೆ. ತಪ್ಪು ತಿಳಿಯಬೇಡಿ" ಎನ್ನುತ್ತಿದ್ದರು. "ದಾನ ಕೊಡೋರು ಗಟ್ಟಿದು ಕೊಡ್ಬೇಕಪ್ಪ" ಎಂದು ಗೊಣಗಿಕೊಂಡೇ ಒಬ್ಬರು ಚಾಪೆ ಸುತ್ತಿಕೊಂಡು ಹಿಂತಿರುಗಿದರು. ವೇದವತಿ ಅವರಿಗೂ ಕೈ ಮುಗಿದರು. ಹತ್ತು ಹೆಜ್ಜೆ ದೂರದಲ್ಲಿ, ಗಿಡಕ್ಕೆ ನೀರು ಹಾಕುವ ನೆಪದಲ್ಲಿ ನಿಂತಿದ್ದ ಮರಿಸ್ವಾಮಿಗೆ ಎಲ್ಲವೂ ಕೇಳಿಸಿತು. ನೀರು ತುಂಬಿ ಹರಿದು ಕಾಲ ಮೇಲೆ ಬಂದದ್ದು ಮಾತ್ರ ತಿಳಿಯಲಿಲ್ಲ.

ಮನೆಯಲ್ಲಿ ಹೆಂಡತಿ ಬೆಟ್ಟಮ್ಮನಿಗೆ ಹೇಳಿದರು. "ಓಗಿ ಯೋಳ್ಬುಡು. ಆವಮ್ಮ ಏನು ನಿನ್ನ ನುಂಗ್ಬುಡ್ತಾಳಾ?" ಎಂದರಂತೆ ಆಕೆ. ದಿನಾ ಸಂಜೆ ಹೇಳಬೇಕೆಂದೇ ಬರುವುದು, ಬೆಂಚಿನ ಕಡೆ ಹೋಗುವುದು, ಎಲೆ ಆಯ್ದುಕೊಂಡು ಹಿಂದಕ್ಕೆ ಬರುವುದು. ಹೀಗೆ ಮೂರು ತಿಂಗಳು ಹೋಯಿತು. ರೇಡಿಯೋ ಇಲ್ಲದಿದ್ದರೂ ವೇದವತಿ ಬಂದು ಅದೇ ತುದಿಯಲ್ಲಿ ಕೂರುತ್ತಿದ್ದರು.

ಸಂಕ್ರಾಂತಿಗೆ ಹೊಸ ಸೆಟ್ಟು ಬಂತು. ಶಾಮಿಯಾನ ಹಾಕಿದರು, ಭಾಷಣ ಮಾಡಿದರು. ಹಳೆಯ ರೇಡಿಯೋವನ್ನು ಹನ್ನೆರಡು ವರ್ಷ ಕಣ್ಣಿನಲ್ಲಿ ಕಣ್ಣಿಟ್ಟು ಕಾಪಾಡಿದ ಸೇವಕನೆಂದು ಮರಿಸ್ವಾಮಿಯನ್ನು ಮುಂದಕ್ಕೆ ಕರೆದು ಹಾರ ಹಾಕಿದರು. ಚಪ್ಪಾಳೆ ತಟ್ಟಿದವರಲ್ಲಿ ವೇದವತಿಯೂ ಇದ್ದರು. ಅಷ್ಟರಲ್ಲಿ ಯಾರೋ ಗೂಡಿನ ಮೇಲಿದ್ದ ಮೇಷ್ಟ್ರ ಹಲಗೆಯನ್ನು ಕಿತ್ತು, ಬೇಲಿಗೆ ಒರಗಿಸಿಟ್ಟಿದ್ದರು.

"ಆ ಹೂವಿನ ಹಾರ ಕತ್ತಿಗೆ ಬಿದ್ದಾಗ ಭೂಮಿ ಬಾಯಿ ಬಿಡ್ಬಾರ್ದಾ ಅನ್ನಿಸ್ತು. ನಾಚ್ಕೆ ಅಂದ್ರೆ ಎಂಥದು ಅಂತ ನಂಗೆ ಐವತ್ತೆರಡು ವರ್ಷಕ್ಕೆ ಗೊತ್ತಾಯ್ತು ಸ್ವಾಮಿ." ಆ ಹಲಗೆ ಈಗ ಹಳೆಯ ಗೋಣಿಚೀಲದಲ್ಲಿ ಸುತ್ತಿ, ಗೂಡಿನೊಳಗೆ, ಹೊಸ ರೇಡಿಯೋದ ಹಿಂದೆ ಇದೆ. ವಾರಕ್ಕೊಮ್ಮೆ ತೆಗೆದು ಒರೆಸಿಡುತ್ತಾರೆ. ಒಣ ಬಟ್ಟೆಯಲ್ಲಿ.

ಹಾಗಾದರೆ ಇದನ್ನೆಲ್ಲ ಬರೆಯಬಹುದೇ ಎಂದು ಕೇಳಿದ್ದಕ್ಕೆ ಅವರು ಹೆಗಲ ಟವೆಲು ತೆಗೆದು ಕೈ ಒರೆಸಿಕೊಂಡರು. "ಬರೀರಿ. ಆದ್ರೆ ಒಂದು ವಾರ ತಡೀರಿ. ಅಮ್ಮಾವ್ರು ಪೇಪರ್ ನೋಡಿ ತಿಳ್ಕೋಬಾರ್ದು. ನನ್ ಬಾಯಲ್ಲೇ ಹೇಳ್ಬೇಕು" ಎಂದರು.

ಮಾರನೆಯ ಸಂಜೆಯೇ ಹೇಳುತ್ತಾರೆ. ವಾರ್ತೆಗೆ ಇನ್ನೂ ಹೊತ್ತಿದೆ. ವೇದವತಿ ಬೆಂಚಿನ ಎಡ ತುದಿಯಲ್ಲಿದ್ದಾರೆ. ಮರಿಸ್ವಾಮಿ ಎದುರಿಗೆ ಹೋಗಿ ನೆಲದ ಮೇಲೆ ಕೂತು, ಚೊಂಬಿನಿಂದ ಹಿಡಿದು ಟವೆಲಿನವರೆಗೆ ಒಂದನ್ನೂ ಬಿಡದೆ ಹೇಳಿ ಮುಗಿಸುತ್ತಾರೆ. ವೇದವತಿ ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳುತ್ತಾರೆ. "ಆವತ್ತು ಆ ಗೇಟಿನ ಹತ್ರ ನಿಂತು ನಾನು ಎಷ್ಟು ಜನಕ್ಕೆ ಕೈ ಮುಗಿದೆ, ಗೊತ್ತೇನೋ ಮರಿಸ್ವಾಮಿ?"

"ಗೊತ್ತು ಕಣಮ್ಮಾ. ಎಣಿಸಿವ್ನಿ. ನಲವತ್ತೇಳು."

ವೇದವತಿ ಎದ್ದು ಹೋಗುತ್ತಾರೆ. ಆ ದಿನ ವಾರ್ತೆಗೂ ಕಾಯುವುದಿಲ್ಲ.

ಮರುದಿನ ಬೆಂಚಿನ ಎಡ ತುದಿ ಖಾಲಿ. ಅದರ ಮರುದಿನವೂ ಖಾಲಿ. ಮೂರನೆಯ ದಿನ ಮರಿಸ್ವಾಮಿ ಯಾರ ಅಪ್ಪಣೆಯನ್ನೂ ಕೇಳದೆ ಗೋಣಿ ಬಿಚ್ಚಿ, ತಂತಿ ಕಟ್ಟಿ, ಹಲಗೆಯನ್ನು ಗೂಡಿನ ಮೇಲೆ ಅದರ ಜಾಗಕ್ಕೇ ತೂಗುಹಾಕುತ್ತಾರೆ. ಮೇಲಿನವರು ಕೇಳಿದರೆ ಏನು ಹೇಳುವುದೆಂದು ಬೀರಮ್ಮ ಗಾಬರಿಯಾಗುತ್ತಾರೆ. "ಇದ್ದಿದ್ದು ಇದ್ದಂಗೆ ಹೇಳ್ತೀನಿ" ಎನ್ನುತ್ತಾರೆ ಇವರು. ಆ ಸಂಜೆಯೂ ವೇದವತಿ ಬರುವುದಿಲ್ಲ.

ನಾಲ್ಕನೆಯ ಸಂಜೆ ಗೇಟು ಕಿರ್ರೆನ್ನುತ್ತದೆ. ವೇದವತಿ ಬಂದು ತಮ್ಮ ಜಾಗದಲ್ಲಿ ಕೂತು, ಕನ್ನಡಕ ಏರಿಸಿ ಗೂಡಿನ ಕಡೆ ನೋಡುತ್ತಾರೆ.

"ಹಲಗೆ ಸೊಟ್ಟಗಿದೆಯಲ್ಲೋ. ಮೇಷ್ಟ್ರು ನೋಡಿದ್ದರೆ ಬೈತಿದ್ದರು."

ಮರಿಸ್ವಾಮಿ ಸರಿಮಾಡುತ್ತಾರೆ. ಇನ್ನೂ ಸ್ವಲ್ಪ ಬಲಕ್ಕೆ ಎನ್ನುತ್ತಾರೆ ಆಕೆ. ಬಲಕ್ಕೆ ಸರಿಸುತ್ತಾರೆ. ವಾರ್ತೆ ಶುರುವಾಗುತ್ತದೆ. "ಒಂದಿಷ್ಟು ಜೋರು ಮಾಡು, ಕೇಳಿಸ್ತಾ ಇಲ್ಲ" ಎನ್ನುತ್ತಾರೆ ವೇದವತಿ. ಮರಿಸ್ವಾಮಿ ಟವೆಲಿನಿಂದ ಕೈ ಒರೆಸಿಕೊಂಡು ಗುಂಡಿ ತಿರುಗಿಸುತ್ತಾರೆ.

ಇಂಥ ಲೇಖನದ ಕೊನೆಗೆ ನಿಮ್ಮ ಆಸೆಯೇನು ಎಂದು ಕೇಳುವುದು ವಾಡಿಕೆ. ಸಂಬಳ ಹೆಚ್ಚಲಿ ಎನ್ನಬಹುದು, ಮಳೆಗಾಲಕ್ಕೊಂದು ಕೊಡೆ ಕೊಡಿಸಲಿ ಎನ್ನಬಹುದು ಎಂದುಕೊಂಡೇ, ವಾರ ಕಳೆದು ಮತ್ತೆ ಬಂದಾಗ ಕೇಳಿದ್ದು. ಮರಿಸ್ವಾಮಿ ಬೆರಳ ಗೆಣ್ಣುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಳ್ಳುತ್ತಾರೆ.

"ಆವತ್ತು ಚಾಪೆ ಸುತ್ಕೊಂಡು ವಾಪಸ್ ಹೋದ್ರಲ್ಲ, ಆ ನಲವತ್ತೇಳು ಜನ ಇದ್ನ ಓದ್ಬೇಕು ಸ್ವಾಮಿ. ನನ್ನಂಗೆ ಓದಕ್ಕೆ ಬರ್ದೇ ಇದ್ದೋರ್ಗೆ ಯಾರಾದ್ರೂ ಓದಿ ಹೇಳ್ಲಿ. ನನ್ ಹೆಸರು ಎಂಗಾದ್ರೂ ಹಾಕ್ಕೊಳ್ಳಿ. ಮೇಷ್ಟ್ರ ಪೆಟ್ಟಿಗೆ ಚೆನ್ನಾಗಿತ್ತು ಅಂತ ಮಾತ್ರ ದಪ್ಪಕ್ಷರದಲ್ಲಿ ಬರೀರಿ."