ನಾನು ಬಿಟ್ಟ ಕೊನೆಯ ಪ್ಯಾರಾ

ಒಬ್ಬಳ ಮೇಲೆ ಸೇಡು ತೀರಿಸಿಕೊಳ್ಳಲು ನಾನು ನಾಲ್ಕು ಸಾಲು ಬರೆದೆ. ಆ ನಾಲ್ಕರಲ್ಲಿ ಒಂದೂ ಸುಳ್ಳಲ್ಲ. ಆದರೂ ಅವು ಇನ್ನೊಬ್ಬಳಿಗೆ ಮನೆ ಬಿಡಿಸಿದವು — ನನಗೆ ಯಾವ ಕೆಡುಕೂ ಮಾಡದ, ನನ್ನ ಹೆಸರನ್ನೂ ಕೇಳಿರದ ಒಬ್ಬ ಮುದುಕಿಗೆ. ಕೈತಪ್ಪಿ ಆದದ್ದಲ್ಲ. ಬೇಕೆಂದೇ ಮಾಡಿದೆ. ಮಾಡಿ ಸಂತೋಷಪಟ್ಟೆ. ಎರಡು ವರ್ಷ ಬಾಯಿ ಮುಚ್ಚಿಕೊಂಡೂ ಇದ್ದೆ.

ಹಾಗಾಗಿ ಈ ಭಾನುವಾರ ನಿಮಗೆ ಲಿಂಕುಗಳಿಲ್ಲ.

ಹಳೆಯ ಓದುಗರಿಗೆ ನನ್ನ ಪದ್ಧತಿ ಗೊತ್ತು, ಹೊಸಬರಿಗೆ ಹೇಳುತ್ತೇನೆ. ನಾನು ಶಾಂತಾ, ಮಧುಗಿರಿಯಲ್ಲಿ ಇಂಗ್ಲಿಷ್ ಟೀಚರಾಗಿ ರಿಟೈರ್ ಆದವಳು. ಪ್ರತಿ ಭಾನುವಾರ 'ವಾರದ ಓದು' ಎಂದು ಈ ಬ್ಲಾಗಿನಲ್ಲಿ ಬರೆಯುತ್ತೇನೆ — ಮೊದಲು ನನ್ನ ವಾರದ ಸಮಾಚಾರ, ಮಂಡಿನೋವು, ಎದುರು ಮನೆಯ ಬೆಕ್ಕು; ಆಮೇಲೆ ವೆಬ್ಬಿನಲ್ಲಿ ಆ ವಾರ ನಾನು ಓದಿ ಮೆಚ್ಚಿದ ಐದು ಬರಹಗಳು. ಹೆಚ್ಚಿನವು ಇಂಗ್ಲಿಷಿನವು. ಓದಲಾಗದವರಿಗಾಗಿ ಪ್ರತಿಯೊಂದರ ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲಿನ ಸಾರ. ನಾಲ್ಕೇ, ಐದನೆಯದು ಬರೆದರೆ ಜನ ಓದುವುದಿಲ್ಲ ಎನ್ನುವುದು ನನ್ನ ರೂಲ್. ಪಾವಗಡದ ಓದುಗರೊಬ್ಬರು ಒಮ್ಮೆ ಬರೆದಿದ್ದರು: "ಅಮ್ಮಾ, ಆ ಲಿಂಕು ಯಾರ್ ಒತ್ತಾರೆ? ನಿಮ್ ನಾಲ್ಕು ಸಾಲೇ ನಮ್ಗೆ ಪೂರ್ತಿ ಪುಸ್ತಕ." ನಾನು ಅದನ್ನು ಓದಿ ನಕ್ಕಿದ್ದೆ. ಅದು ನನ್ನ ಕೈಯಲ್ಲಿದ್ದ ಎಂಥ ಅಧಿಕಾರ ಎಂದು ಆಗ ಹೊಳೆದಿರಲಿಲ್ಲ. ಆಮೇಲೆ ಹೊಳೆಯಿತು — ಚೆನ್ನಾಗಿಯೇ ಹೊಳೆಯಿತು.

ಎರಡು ವರ್ಷದ ಹಿಂದೆ, ಒಂದು ಶನಿವಾರ ಮಧ್ಯಾಹ್ನ, ಲಿಂಕುಗಳನ್ನು ಹುಡುಕುತ್ತ ಹೆಸರಿಲ್ಲದ ಒಬ್ಬ ಹೆಂಗಸಿನ ಇಂಗ್ಲಿಷ್ ಬ್ಲಾಗಿಗೆ ಬಂದೆ. ಓದುಗರು ಹತ್ತು ಜನ ಇದ್ದಿರಬಹುದು, ಅವರೂ ಎಲ್ಲೋ ದೂರದವರು. ಮೊದಲ ಪೋಸ್ಟಿನ ಮೊದಲ ವಾಕ್ಯ ಓದಿದೆ. ಮತ್ತೊಮ್ಮೆ ಓದಿದೆ. ಕನ್ನಡದಲ್ಲಿ ಹೇಳುವುದಾದರೆ ಅದು ಹೀಗಿತ್ತು: ನಮ್ಮೂರಿನ ಬೆಟ್ಟ ಒಂದೇ ಕಲ್ಲು, ಬೇಸಗೆಯ ಸಂಜೆ ಇಡೀ ಊರು ಆರದ ಒಲೆಗೆ ಬೆನ್ನು ಕೊಟ್ಟು ಕೂತಂತಿರುತ್ತದೆ.

ಆ ವಾಕ್ಯ ನನ್ನದು. ಹದಿನೈದನೆಯ ವಯಸ್ಸಿನಲ್ಲಿ, ಕಾನ್ವೆಂಟಿನ ಹಾಸ್ಟೆಲಿನಲ್ಲಿ, ನಮ್ಮ ಮಧುಗಿರಿಯ ಬೆಟ್ಟವನ್ನು ನೆನೆದು ಅಳುತ್ತ ಬರೆದದ್ದು. ಪ್ರಬಂಧ ಸ್ಪರ್ಧೆ ಇತ್ತು. ಗೆದ್ದವಳಿಗೆ ಮೈಸೂರಿನ ಕಾಲೇಜಿಗೆ ಸಿಸ್ಟರ್ ಅವರ ಶಿಫಾರಸು. ನನ್ನ ಅಕ್ಷರ ಕೋಳಿ ಕೆದಕಿದಂತೆ. ಪಕ್ಕದ ಮಂಚದ ಲಲಿತಾ — ಕೊರಟಗೆರೆಯವಳು, ಮುತ್ತು ಪೋಣಿಸಿದ ಹಾಗೆ ಬರೆಯುವವಳು — "ಕೊಡೇ, ನಾನು ಫೇರ್ ಮಾಡಿ ಕೊಡ್ತೀನಿ" ಎಂದಳು. ಕೊಟ್ಟೆ. ಅವಳು ಫೇರ್ ಮಾಡಿದಳು. ಕೆಳಗೆ ತನ್ನ ಹೆಸರು ಬರೆದಳು.

ನಾನು ಸಿಸ್ಟರ್ ಹತ್ತಿರ ಓಡಿದೆ. ಲಲಿತಾಳನ್ನೂ ಕರೆಸಿದರು. ಅವಳು ರೆಪ್ಪೆ ಅಲುಗಿಸದೆ ಹೇಳಿದಳು: "ಬೆಟ್ಟದ ವಿಷಯ ಇವಳು ಹೇಳಿದ್ದು ನಿಜ ಸಿಸ್ಟರ್. ಬರೆದವಳು ನಾನು." ಅವಳಿಗೆ ಕೊಟ್ಟಿದ್ದ ನನ್ನ ರಫ್ ನೋಟ್‌ಬುಕ್ ಎಲ್ಲಿ ಎಂದರೆ ಅದು ಕಳೆದುಹೋಯಿತಂತೆ. ಸಿಸ್ಟರ್ ನನ್ನ ತಲೆ ಸವರಿ, "ಎನ್ವಿ ಈಸ್ ಅ ಸಿನ್, ಚೈಲ್ಡ್" ಎಂದು ಚಾಪೆಲ್ಲಿನ ಕಲ್ಲಿನ ಮೇಲೆ ಒಂದು ಗಂಟೆ ಮಂಡಿಯೂರಿಸಿದರು. ಹೊಟ್ಟೆಕಿಚ್ಚಿನ ಪಾಪಕ್ಕೆ.

ಲಲಿತಾ ಮೈಸೂರಿಗೆ ಹೋದಳು. ಆಮೇಲೆ ಸಿರಾದ ಒಂದು ಒಳ್ಳೆಯ ಮನೆತನಕ್ಕೆ ಸೊಸೆಯಾದಳು ಎಂದು ಕೇಳಿದ್ದೆ, ಅಷ್ಟೇ. ನನ್ನ ಬಾಳು ಹಾಳಾಯಿತು ಎಂದರೆ ಸುಳ್ಳಾಗುತ್ತದೆ. ಯಜಮಾನರು ಒಳ್ಳೆಯವರಿದ್ದರು, ಮದುವೆಯಾದ ಮೇಲೆ ಓದಿಸಿದರು, ಕೆಲಸವೂ ಸಿಕ್ಕಿತು. ಆದರೆ ಆ ಒಂದು ಗಂಟೆ — ಅದು ನನ್ನೊಳಗೆ ಮುಗಿದೇ ಇರಲಿಲ್ಲ. ಐವತ್ತೆಂಟು ವರ್ಷದ ನಂತರವೂ ಅವಳು ನನ್ನ ವಾಕ್ಯವನ್ನು ತನ್ನದೆಂದು ಲೋಕಕ್ಕೆ ತೋರಿಸುತ್ತಿದ್ದಾಳೆ ಎಂದು ಕಂಡಾಗ... ಏನು ಹೇಳಲಿ. ಯಾರಾದರೂ ಅದನ್ನು ದುಃಖ ಎಂದಾರು. ಅದು ದುಃಖವಲ್ಲ. ಹಸಿವು.

ಆ ವಾರವೆಲ್ಲ ಅವಳ ಬ್ಲಾಗನ್ನು ಬುಡದಿಂದ ಓದಿದೆ. ಚೆನ್ನಾಗಿ ಬರೆಯುತ್ತಿದ್ದಳು. ಅದು ಇನ್ನೂ ಉರಿಸಿತು. ಊರಿನ ಹೆಸರು, ಜನರ ಹೆಸರು ಎಲ್ಲೂ ಹಾಕಿರಲಿಲ್ಲ — 'ನಮ್ಮ ಪಟ್ಟಣ', 'ಅವಳ ಹಳ್ಳಿ', ಇಷ್ಟೇ. ಮನೆಯವರು ಯಾರೂ ಇಂಗ್ಲಿಷ್ ಓದುವವರಲ್ಲ. ಆ ಭಾಷೆಯೇ ಅವಳಿಗೆ ಬಾಗಿಲು, ಚಿಲಕ, ಎಲ್ಲ. ಅದರೊಳಗೆ ಕೂತು ನಿಶ್ಚಿಂತೆಯಿಂದ ಮನಸ್ಸು ಬಿಚ್ಚಿದ್ದಳು. ಒಂದು ಪೋಸ್ಟು ಅವಳ ಓರಗಿತ್ತಿಯ ಬಗ್ಗೆ ಇತ್ತು. ಗಂಡನ ಅಣ್ಣನ ಹೆಂಡತಿ. ಬೇಗ ಗಂಡನನ್ನು ಕಳೆದುಕೊಂಡು ಅದೇ ಮನೆಯಲ್ಲಿ ಉಳಿದವಳು. ಈಗ ಇಬ್ಬರೇ ವಿಧವೆಯರು ಒಂದೇ ಸೂರಿನಡಿ. ಅದನ್ನು ಎರಡು ಸಲ ಓದಿದೆ. ಆಮೇಲೆ ನನ್ನ ನಾಲ್ಕು ಸಾಲು ಬರೆದೆ. ಇಲ್ಲಿವೆ, ಆ ಭಾನುವಾರ ನೀವು ಓದಿದ್ದು ಇದನ್ನೇ:

"ಸಿರಾದ ಗೃಹಿಣಿಯೊಬ್ಬರ ಇಂಗ್ಲಿಷ್ ಬ್ಲಾಗು. ಮಿಡಿಗೇಶಿಯಿಂದ ಬಂದ ಓರಗಿತ್ತಿಯ ಜೊತೆ ಒಂದೇ ಅಡಿಗೆಮನೆಯಲ್ಲಿ ನಲವತ್ತು ವರ್ಷ ಬೆಂದ ಕಥೆ. ಆಕೆ ಹಾಕುವ ಉಪ್ಪಿನಕಾಯಿಯನ್ನು ವರ್ಷವರ್ಷವೂ ಗುಟ್ಟಾಗಿ ಮೋರಿಗೆ ಸುರಿಯುತ್ತಾರಂತೆ. 'ಆಕೆ ಇಲ್ಲದ ಒಂದು ದಿನ ನನ್ನ ಆಯುಷ್ಯದಲ್ಲಿ ಬರಲಿ' ಎಂದು ಬೇಡಿಕೊಂಡಿದ್ದನ್ನೂ ಬಚ್ಚಿಟ್ಟಿಲ್ಲ — ಎಷ್ಟು ಪ್ರಾಮಾಣಿಕ ಬರಹ!"

ಸಿರಾ, ಮಿಡಿಗೇಶಿ — ಆ ಎರಡು ಹೆಸರು ಅವಳು ಬರೆದದ್ದಲ್ಲ, ನಾನು ಸೇರಿಸಿದ್ದು. ಮಿಡಿಗೇಶಿ ಎಂದು ಹೇಗೆ ತಿಳಿಯಿತು? ಸಿರಾದಲ್ಲಿರುವ ನನ್ನ ಹಳೆಯ ಸಹೋದ್ಯೋಗಿ ನಸೀಮಾಗೆ ಫೋನ್ ಮಾಡಿ, ಆಡುತ್ತ ಆಡುತ್ತ, ಲಲಿತಾಳ ಓರಗಿತ್ತಿ ಎಲ್ಲಿಯವರು ಎಂದು ಕೇಳಿಕೊಂಡಿದ್ದೆ. ಇಷ್ಟು ಸಿದ್ಧತೆ.

ಭಾನುವಾರ ಬೆಳಿಗ್ಗೆ ಪೋಸ್ಟ್ ಮಾಡಿ, ಎಂದೂ ಇಲ್ಲದಂತೆ ಎರಡು ಲೋಟ ಕಾಫಿ ಕುಡಿದೆ. ಮಧ್ಯಾಹ್ನದ ಹೊತ್ತಿಗೆ ಆ ನಾಲ್ಕು ಸಾಲು ಸಿರಾದ ಭಜನಾ ಮಂಡಳಿಯ ಗುಂಪಿನಲ್ಲಿತ್ತು. ಬುಧವಾರ ನಸೀಮಾ ಫೋನ್ ಮಾಡಿದಳು.

"ಅರೆ ಮಿಸ್, ಏನ್ ಬರ್ದ್ಬುಟ್ರಿ ನೀವು! ನಮ್ ಮೊಹಲ್ಲಾ ತುಂಬಾ ಅದೇ ಮಾತು. ಆ ಓರಗಿತ್ತಿ ಗಂಗಮ್ಮ ಪಾಪ, ಯಾರೋ ಮೊಬೈಲ್ ಹಿಡ್ದು ಓದ್ ಹೇಳಿದಾರೆ ಅಂಗ್ಡಿ ಮುಂದೇನೆ. ಮನೇಗೋದ್ರು, ಬ್ಯಾಗ್ ಎತ್ಕೊಂಡ್ರು, ಮಿಡಿಗೇಶಿ ಬಸ್ ಹತ್ಬುಟ್ರು."

"ಮತ್ತೆ ಆ ಲಲಿತಾ?" ಎಂದೆ. ನಾನು ಕೇಳಿದ್ದು ಅದನ್ನು. ಗಂಗಮ್ಮನ ಬಗ್ಗೆ ಒಂದು ಮಾತೂ ಕೇಳಲಿಲ್ಲ.

"ಆಯಮ್ಮಂದು ಮುಖ ನೋಡೋಕಾಗಲ್ಲ ಮಿಸ್."

ನನಗೆ ಅದು ಸಕ್ಕರೆಯಂತಿತ್ತು. ಆ ವಾರವೇ ಅವಳ ಬ್ಲಾಗು ಮಾಯವಾಯಿತು. ನನ್ನ ವಾಕ್ಯವೂ ಅದರೊಂದಿಗೆ ಹೋಯಿತು. ಜಸ್ಟಿಸ್, ಎಂದುಕೊಂಡೆ — ಗಟ್ಟಿಯಾಗಿ, ಒಬ್ಬಳೇ ಅಡಿಗೆಮನೆಯಲ್ಲಿ ನಿಂತು.

ಇಲ್ಲಿಯವರೆಗೆ ಹೇಳಿದ್ದು ಅರ್ಧ. ಉಳಿದರ್ಧ ಹೇಳಲು ಬೆರಳು ಹಿಂಜರಿಯುತ್ತಿದೆ.

ಅವಳ ಆ ಪೋಸ್ಟಿಗೆ ಇನ್ನೊಂದು ಪ್ಯಾರಾ ಇತ್ತು. ಕೊನೆಯದು. ನಾನು ಅದನ್ನು ಬಿಟ್ಟೆ. ಬ್ಲಾಗು ಅಳಿಯುವ ಮೊದಲೇ ಪ್ರಿಂಟ್ ತೆಗೆದಿಟ್ಟಿದ್ದೆ, ಅವಳ ವಿರುದ್ಧ ಸಾಕ್ಷಿ ಎಂದು. ಅದರಿಂದಲೇ ಈಗ, ಏನೂ ಬಿಡದೆ, ಕನ್ನಡಿಸುತ್ತೇನೆ:

"ಆಮೇಲೆ ಆ ದಿನ ಬಂದೇಬಿಟ್ಟಿತು. ಅವಳು ಅಣ್ಣನ ಮಗಳ ಮದುವೆಗೆಂದು ಊರಿಗೆ ಹೋದಳು, ಎಂಟು ದಿನ. ಮೊದಲ ದಿನ ಹಾಡು ಹೇಳಿಕೊಂಡು ಓಡಾಡಿದೆ. ಎರಡನೆಯ ದಿನ ಯಾರ ಮೇಲೆ ಸಿಡುಕಬೇಕೋ ತಿಳಿಯಲಿಲ್ಲ. ಮೂರನೆಯ ದಿನ, ಸುರಿಯದೆ ಉಳಿದಿದ್ದ ಅವಳ ಉಪ್ಪಿನಕಾಯಿ ಜಾಡಿ ತೆಗೆದು, ಬಿಸಿ ಅನ್ನಕ್ಕೆ ಕಲಸಿ, ನಿಂತುಕೊಂಡೇ ತಿಂದೆ. ಯಾವತ್ತಿನಂತೆ ಉಪ್ಪು ಜಾಸ್ತಿ. ಎಂಟು ದಿನದಲ್ಲಿ ಜಾಡಿ ಖಾಲಿ. ಅವಳು ಬಂದು ಯಾರು ತಿಂದರು ಎಂದು ಕೇಳಿದಳು. ನೆಂಟರು ಬಂದಿದ್ದರು ಎಂದೆ. ನಾನು ಅವಳಿಗಿಂತ ಮೊದಲು ಸಾಯಬೇಕು. ಆ ಎಂಟು ದಿನ ನನಗೆ ಮತ್ತೆ ಬೇಡ."

ಇದನ್ನು ಬಿಟ್ಟೆ. ನಾಲ್ಕೇ ಸಾಲು, ಜಾಗವಿಲ್ಲ — ಹಾಗಂತ ನನಗೆ ನಾನೇ ಹೇಳಿಕೊಂಡೆ.

ಆ ಸುಳ್ಳನ್ನೂ ಉಳಿಸಿಕೊಳ್ಳಲಾಗಲಿಲ್ಲ. ಯಾಕೆಂದರೆ ಸೋಮವಾರ ನನ್ನ ಪೋಸ್ಟಿನ ಕೆಳಗೆ ಒಂದು ಕಾಮೆಂಟ್ ಬಂತು. ಹೆಸರಿಲ್ಲ. "ಕೊನೆಯ ಪ್ಯಾರಾ ಎಲ್ಲಿ? ದಯವಿಟ್ಟು ಅದನ್ನೂ ಹಾಕಿ. ಬೇಗ." ಗಂಗಮ್ಮ ಆ ಹೊತ್ತಿಗೆ ಇನ್ನೂ ಸಿರಾದಲ್ಲೇ ಇದ್ದರು, ಅವರಿಗೆ ಯಾರೂ ಓದಿ ಹೇಳಿರಲಿಲ್ಲ. ಒಂದು ದಿನ ಇತ್ತು ನನಗೆ. 'ದಯವಿಟ್ಟು' ಎಂಬ ಪದವನ್ನು ನಾನು ಬಹಳ ಹೊತ್ತು ನೋಡಿದೆ — ಲಲಿತಾ ನನ್ನನ್ನು ಬೇಡುತ್ತಿದ್ದಾಳೆ, ನಾನು ಯಾರೆಂದು ತಿಳಿದೋ ತಿಳಿಯದೆಯೋ. ಆಮೇಲೆ ಡಿಲೀಟ್ ಒತ್ತಿದೆ.

ಎರಡು ವರ್ಷ ಹಾಯಾಗಿದ್ದೆ. ಐ ಮೀನ್ ಇಟ್, ನಿದ್ದೆಯೂ ಚೆನ್ನಾಗಿ ಬರುತ್ತಿತ್ತು. ಹೋದ ತಿಂಗಳು ಮಿಡಿಗೇಶಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯ ಮನೆಯಲ್ಲಿ ನಾಮಕರಣ. ಊಟದ ಸಾಲಿನಲ್ಲಿ ಒಬ್ಬ ಅಜ್ಜಿ ನೀರು ಬಡಿಸುತ್ತಿದ್ದರು. ಪಕ್ಕದಲ್ಲಿ ಕೂತವಳು ಮೊಣಕೈ ತಿವಿದಳು: "ನೋಡಿದ್ರಾ ಮಿಸ್, ಉಪ್ಪಿನ್ಕಾಯಿ ಗಂಗಮ್ಮ! ಮೊಬೈಲಾಗೆ ಬಂದಿತ್ತಲ್ಲ. ಅಣ್ಣನ್ ಸೊಸೆ ಮನೇಲವ್ಳೆ. ಅಲ್ಲೂ ಜಾಡಿ ಮುಟ್ಟಾಕ್ ಬಿಡಾಕಿಲ್ವಂತೆ, ಹ್ಹ ಹ್ಹ." ಅಜ್ಜಿಗೆ ಕೇಳಿಸಿತು. ಕೇಳಿಸದವರಂತೆ ನನ್ನ ಲೋಟಕ್ಕೆ ನೀರು ಹಾಕಿ ಮುಂದೆ ಹೋದರು. ನಾನು ಊಟ ಮಾಡಲಿಲ್ಲ.

ಮುಂದಿನ ವಾರ ಪ್ರಿಂಟ್ ತೆಗೆದುಕೊಂಡು ಮತ್ತೆ ಮಿಡಿಗೇಶಿಯ ಬಸ್ಸು ಹತ್ತಿದೆ. ಗಂಗಮ್ಮ ಜಗುಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದರು. ನಾನು ಯಾರು, ಏನು ಬರೆದೆ, ಏನು ಬಿಟ್ಟೆ, ಯಾವ ಸಿಟ್ಟಿಗೆ — ಎಲ್ಲ ಹೇಳಿ, ಕೊನೆಯ ಪ್ಯಾರಾವನ್ನು ಕನ್ನಡದಲ್ಲಿ ಓದಿದೆ. ಅವರು ಬೀಜ ತೆಗೆಯುವುದನ್ನು ನಿಲ್ಲಿಸಲಿಲ್ಲ.

"ಉಪ್ಪು ಜಾಸ್ತಿನಾ?" ಎಂದರು. "ಉಪ್ಪಿಲ್ದಿದ್ರೆ ಹುಳ ಬೀಳ್ತದೆ ಕಣಮ್ಮ. ಮೈಸೂರಾಗ್ ಓದಿದ್ರೂ ಅಷ್ಟ್ ತಿಳೀಲಿಲ್ಲ ಅವ್ಳಿಗೆ."

ನನಗೆ ಉಸಿರು ಬಂದಂತಾಯಿತು. ಸಿರಾಕ್ಕೆ ಹೊರಡಿ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಆಗ ಅವರು ಮುಖ ಎತ್ತಿದರು.

"ಅವ್ಳ ಮ್ಯಾಲಿನ ಸಿಟ್ಗೆ ನನ್ನ ಹೊಡುದ್ರಾ? ಅಂಗಾದ್ರೆ ಒಂದ್ ಕೇಳ್ತೀನಿ. ಅವತ್ತು ನಾಕ್ ಸಾಲು ಹೇಳ್ದೋರು ನೀವೆ. ಇವತ್ತು ಇನ್ ನಾಕ್ ಸಾಲು ಹೇಳೋರೂ ನೀವೆ. ಯಾವ್ದು ಅವ್ಳದು, ಯಾವ್ದು ನಿಮ್ದು, ನಂಗೆಂಗ್ ಗೊತ್ತಾಗ್ಬೇಕು?"

ಪ್ರಿಂಟ್ ಮುಂದಿಟ್ಟೆ. ಬೇರೆ ಯಾರ ಕೈಲಾದರೂ ಓದಿಸಿ ಎಂದೆ.

"ನನ್ ಮನೆ ಮಾತ್ನ ಇನ್ನೊಂದ್ ಬಾಯಿಗ್ ಹಾಕ್ಲಾ? ಒಂದ್ ದಪ ಆಗಿದ್ ಸಾಲ್ದಾ?" ಹಾಳೆಯನ್ನು ನನ್ನ ಕಡೆಗೇ ತಳ್ಳಿದರು. "ಅವ್ಳು ಬಂದಿದ್ಲು ಒಂದ್ಸಲ. ನಾನು ಕದ ತೆಗೀಲಿಲ್ಲ. ಆಮ್ಯಾಕೆ ಬರ್ಲಿಲ್ಲ. ಹೇಳೋ ಹಂಗಿದ್ರೆ ಅವ್ಳೇ ಬಂದು ಬಾಯ್ಬಿಟ್ ಹೇಳ್ಲಿ. ಈಗ ತೆಗೀತೀನಿ. ನೀವ್ ಹೋಗ್ ಬನ್ನಿ, ಬಸ್ ಬರೋ ಹೊತ್ತು."

ಬಸ್ಸಿನಲ್ಲಿ ಕೂತು ಯೋಚಿಸಿದೆ. ಮೂವತ್ತೈದು ವರ್ಷ ಪಾಠ ಹೇಳಿದವಳು ನಾನು, ನನ್ನ ಮಾತನ್ನು ಯಾರೂ ಅನುಮಾನಿಸಿದ್ದಿಲ್ಲ. ಈಗ ನಿಜವನ್ನೇ ಹೇಳಿದರೂ ನನ್ನ ಬಾಯಿಂದ ಬಂದದ್ದಕ್ಕೆ ಅದು ನಿಲ್ಲುವುದಿಲ್ಲ. ಗಂಗಮ್ಮ ಅಂದದ್ದರಲ್ಲಿ ತಪ್ಪೇನಿದೆ? ಅವರ ಮನೆಗೆ ದಾರಿ ಇರುವುದು ಲಲಿತಾಳ ನಾಲಿಗೆಯ ಮೇಲೆ ಮಾತ್ರ. ಆ ಲಲಿತಾಳಿಗೆ ಕದ ಈಗ ತೆರೆಯುತ್ತದೆ ಎಂದು ಗೊತ್ತಿಲ್ಲ. ಗೊತ್ತಿರುವವಳು ನಾನೊಬ್ಬಳು.

ಫೋನ್ ಮಾಡಬಹುದಿತ್ತು. ನಸೀಮಾಳ ಕೈಲಿ ಹೇಳಿಸಬಹುದಿತ್ತು. ಮೂರು ವಾರ ಅದನ್ನೇ ಯೋಚಿಸಿದೆ, ಆ ಮೂರು ವಾರವೂ ಗಂಗಮ್ಮ ಆ ಜಗುಲಿಯಲ್ಲೇ ಇದ್ದರು — ಅದೂ ನನ್ನ ಲೆಕ್ಕಕ್ಕೇ. ಹಿಂಜರಿದದ್ದು ಯಾಕೆಂದರೆ, ಲಲಿತಾಳ ಮುಂದೆ ನಿಂತು 'ತಪ್ಪು ನನ್ನದು' ಎನ್ನುವ ಮೊದಲು 'ಮೊದಲು ನೀನು ಹೇಳು' ಎನ್ನಬೇಕೆಂದು ಒಳಗೆ ಕುದಿಯುತ್ತದೆ. ನನ್ನ ಪ್ರಬಂಧ ಎಲ್ಲಿ, ಹೇಳು. ಇವತ್ತಿಗೂ ಕುದಿಯುತ್ತದೆ. ಲಲಿತಾ, ಇದನ್ನು ಓದುತ್ತಿದ್ದರೆ ಸ್ಪಷ್ಟವಾಗಿ ತಿಳಿದುಕೋ: ನಿನಗೆ ನೋವಾದದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ. ಇದೆ ಎಂದು ಬರೆದರೆ ಅದು ನನ್ನ ಐದನೆಯ ಸಾಲು, ಸುಳ್ಳಿನ ಸಾಲು ಆಗುತ್ತದೆ. ಗಂಗಮ್ಮನಿಗಾದದ್ದಕ್ಕೆ ಇದೆ. ಅದಕ್ಕೆ ಯಾವ ಸಮಜಾಯಿಷಿಯೂ ನನ್ನಲ್ಲಿಲ್ಲ.

ನಾಳೆ ಬೆಳಿಗ್ಗೆ ಸಿರಾದ ಬಸ್ಸಿಗೆ ಹೊರಡುತ್ತೇನೆ. ಕಾಮೆಂಟ್ ಅಳಿಸಿದವಳು ನಾನು ಎನ್ನುತ್ತೇನೆ. ಮಿಡಿಗೇಶಿಯಲ್ಲಿ ನಿನಗೆ ಕದ ತೆರೆಯುತ್ತದೆ, ಹೋಗು ಎನ್ನುತ್ತೇನೆ. ಪ್ರಬಂಧದ ಮಾತು ಎತ್ತುವುದಿಲ್ಲ. ಅವಳಾಗಿ ಎತ್ತಿದರೂ ಉತ್ತರ ಕೊಡುವುದಿಲ್ಲ. ಮುಖದ ಮೇಲೆ ಬಾಗಿಲು ಹಾಕಿದರೆ ಮಂಗಳವಾರ ಮತ್ತೆ ಹೋಗುತ್ತೇನೆ, ಬುಧವಾರವೂ. ಅವಳನ್ನು ಕ್ಷಮಿಸಿ ಹೋಗುವುದು ನನ್ನಿಂದಾಗದು. ಕ್ಷಮಿಸದೆಯೇ ಹೋಗಬೇಕು.